ಹಿಪ್ ಆಪರೇಷನ್ ಆದವರ ಮನೆಯವರಿಗೆ: ಕೃತಕ ಕೀಲು ಸಡಿಲಾಗುವುದನ್ನು ನೋವಿಗೆ ಮೊದಲೇ ಹಿಡಿಯುವುದು ಹೇಗೆ

ಹಿಪ್ ರಿಪ್ಲೇಸ್‌ಮೆಂಟ್, ಅಂದರೆ ಸೊಂಟದ ಕೀಲು ಬದಲಿಸುವ ಆಪರೇಷನ್ ಮಾಡಿಸಿ ಹದಿನೈದು ವರ್ಷವಾಯಿತು, ಅಮ್ಮ ಈಗಲೂ ತೋಟಕ್ಕೆ ಹೋಗಿ ಬರುತ್ತಾರೆ, ನೋವು ಗೀವು ಏನೂ ಇಲ್ಲ, ಹಾಗಾಗಿ ಡಾಕ್ಟರ ಹತ್ತಿರ ಮತ್ತೆ ಹೋಗಲೇ ಇಲ್ಲ. ಶಿವಮೊಗ್ಗದಲ್ಲಿ ಫಿಸಿಯೋಥೆರಪಿ ಮಾಡಿಸುವ ನನಗೆ ಈ ಮಾತು ಆಗಾಗ ಕಿವಿಗೆ ಬೀಳುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಒಳಗಿನ ಹಳ್ಳಿಗಳಿಂದ ಬರುವವರಂತೂ ಹೀಗೇ ಹೇಳುತ್ತಾರೆ. ಕೇಳಿ ಸಂತೋಷವಾಗುತ್ತದೆ, ಆದರೆ ಸಮಾಧಾನ ಆಗುವುದಿಲ್ಲ. ಕೃತಕ ಕೀಲಿನ ಸುತ್ತ ಮೂಳೆ ಕರಗುವಾಗ ಎಷ್ಟೋ ಸಲ ನೋವೇ ಇರುವುದಿಲ್ಲ. ನೋವು ಶುರುವಾಗುವ ಹೊತ್ತಿಗೆ ಕೀಲು ಅಲುಗಾಡುತ್ತಿರುತ್ತದೆ, ಹಿಡಿದುಕೊಳ್ಳಬೇಕಾದ ಮೂಳೆ ಅರ್ಧ ಹೋಗಿರುತ್ತದೆ, ಎರಡನೇ ಆಪರೇಷನ್ ಎರಡು ಪಟ್ಟು ಕಷ್ಟವಾಗಿರುತ್ತದೆ. ಹಾಗಾಗಿ ಕಾಯಬೇಡಿ. ಏನು ನೋಡಬೇಕು, ಯಾವಾಗ ನೋಡಬೇಕು ಎಂದು ಬರೆಯುತ್ತೇನೆ.

ಒಳಗೆ ಏನು ಹಾಕಿದ್ದಾರೆ ಎಂದು ಮೊದಲು ತಿಳಿದುಕೊಳ್ಳಿ

ನಮ್ಮ ಕಡೆ "ರಾಡ್ ಹಾಕಿದ್ದಾರೆ" ಅಥವಾ "ಬಾಲ್ ಹಾಕಿದ್ದಾರೆ" ಎಂದು ಹೇಳಿ ಮುಗಿಸಿಬಿಡುತ್ತಾರೆ. ಅಷ್ಟು ಸಾಕಾಗುವುದಿಲ್ಲ. ಬಿದ್ದು ಮೂಳೆ ಮುರಿದ ಮೇಲೆ ಸ್ಕ್ರೂ, ರಾಡ್ ಹಾಕಿ ಕೂಡಿಸುವುದೇ ಬೇರೆ. ತೊಡೆಮೂಳೆ ತುದಿಯ ಚೆಂಡಿನ ಭಾಗವನ್ನು ಮಾತ್ರ ಬದಲಿಸುವುದು ಬೇರೆ, ವಯಸ್ಸಾದವರಿಗೆ ತೊಡೆಮೂಳೆಯ ಕುತ್ತಿಗೆ ಮುರಿದಾಗ ಜಾಸ್ತಿ ಮಾಡುವುದು ಇದನ್ನೇ. ಚೆಂಡು, ಅದು ಕೂರುವ ಬಟ್ಟಲು ಎರಡನ್ನೂ ಬದಲಿಸಿದರೆ ಅದು ಪೂರ್ತಿ ಹಿಪ್ ರಿಪ್ಲೇಸ್‌ಮೆಂಟ್. ಚೆಂಡು ಮಾತ್ರ ಹಾಕಿದ್ದರೆ ಆ ಲೋಹ ನಿಮ್ಮದೇ ಬಟ್ಟಲಿನ ಮೆದು ಎಲುಬನ್ನು ವರ್ಷಗಳ ಕಾಲ ಉಜ್ಜುತ್ತಾ ಹೋಗುತ್ತದೆ, ಅಲ್ಲಿ ತೊಡೆಸಂದಿನ ನೋವಿಗೆ ಕಾರಣವೇ ಬೇರೆ ಇರಬಹುದು.

ಇದೆಲ್ಲ ಡಿಸ್ಚಾರ್ಜ್ ಕಾಗದದಲ್ಲಿ ಇರುತ್ತದೆ. ಅದರ ಜೊತೆ ಸಣ್ಣ ಸ್ಟಿಕ್ಕರ್‌ಗಳನ್ನು ಅಂಟಿಸಿರುತ್ತಾರೆ, ಕಂಪನಿ ಹೆಸರು, ಅಳತೆ, ಲಾಟ್ ನಂಬರ್ ಎಲ್ಲ ಅದರಲ್ಲಿ. ಆ ಹಾಳೆಯನ್ನು ಮನೆ ಪತ್ರ ಇಟ್ಟಷ್ಟೇ ಜೋಪಾನವಾಗಿ ಇಡಿ. ಮಲೆನಾಡಿನ ಮಳೆಗಾಲ ಗೊತ್ತಲ್ವಾ, ಕಪಾಟಿನೊಳಗಿನ ಎಕ್ಸ್‌ರೇ ಫಿಲ್ಮ್‌ಗಳು ಒಂದಕ್ಕೊಂದು ಅಂಟಿ ಬೂಸ್ಟು ಹಿಡಿಯುತ್ತವೆ. ಕಿಟಕಿ ಬೆಳಕಿಗೆ ಹಿಡಿದು ಮೊಬೈಲಿನಲ್ಲಿ ಫೋಟೋ ತೆಗೆದು, ಮಗನಿಗೂ ಮಗಳಿಗೂ ಕಳಿಸಿಡಿ. ಆಪರೇಷನ್ ಆದ ಕೂಡಲೇ ತೆಗೆದ ಮೊದಲ ಎಕ್ಸ್‌ರೇ ಎಲ್ಲಕ್ಕಿಂತ ಮುಖ್ಯ. ಹತ್ತು ವರ್ಷದ ನಂತರ ಕೀಲು ಜರುಗಿದೆಯೋ ಇಲ್ಲವೋ ಎಂದು ಹೇಳಬೇಕಾದರೆ ಅದರ ಜೊತೆಗೇ ಹೋಲಿಸಬೇಕು. ಅದು ಕಳೆದುಹೋದರೆ ಎಂಥ ಒಳ್ಳೆಯ ಡಾಕ್ಟರೂ ಕತ್ತಲಲ್ಲಿ ತಡಕಾಡಬೇಕು.

ಸ್ಟಿಕ್ಕರ್ ಇಟ್ಟುಕೊಳ್ಳಿ ಎನ್ನುವುದಕ್ಕೆ ಇನ್ನೊಂದು ಕಾರಣವಿದೆ. ಲೋಹದ ಚೆಂಡು ಲೋಹದ ಬಟ್ಟಲಿನಲ್ಲೇ ತಿರುಗುವ ಕೀಲುಗಳು ಒಂದು ಕಾಲಕ್ಕೆ ತುಂಬಾ ಬಳಕೆಯಲ್ಲಿದ್ದವು. ಅವುಗಳಲ್ಲಿ ಡಿಪ್ಯೂ ಕಂಪನಿಯ ಎಎಸ್‌ಆರ್ ಮಾದರಿಯನ್ನು 2010ರ ಆಗಸ್ಟ್‌ನಲ್ಲಿ ಕಂಪನಿಯೇ ಜಗತ್ತಿನಾದ್ಯಂತ ವಾಪಸ್ ಪಡೆಯಿತು. ಭಾರತದಲ್ಲೂ ಹಾಕಿಸಿಕೊಂಡವರಿದ್ದಾರೆ, ಅವರಿಗೆ ಪರಿಹಾರ ಲೆಕ್ಕ ಹಾಕುವ ಸೂತ್ರವನ್ನು ಕೇಂದ್ರ ಸರ್ಕಾರ 2018ರಲ್ಲಿ ಒಪ್ಪಿತು. ಇಂಥ ಕೀಲು ಇದ್ದರೆ ರಕ್ತದಲ್ಲಿ ಕೋಬಾಲ್ಟ್, ಕ್ರೋಮಿಯಂ ಪ್ರಮಾಣ ನೋಡಿಸಬೇಕಾಗುತ್ತದೆ. ಯಾವ ಕೀಲು ಎಂದೇ ಗೊತ್ತಿಲ್ಲದಿದ್ದರೆ ಇದನ್ನು ಯಾರು ಹೇಳಬೇಕು?

ಸಡಿಲಾಗುವುದು ಯಾಕೆ

ಮುಖ್ಯ ಕಾರಣ ಒಂದು ಪುಡಿ. ಕಣ್ಣಿಗೆ ಕಾಣದ ಪುಡಿ. ಹೆಚ್ಚಿನ ಕೀಲುಗಳಲ್ಲಿ ಬಟ್ಟಲಿನ ಒಳಗೆ ಪಾಲಿಎಥಿಲೀನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಪದರ ಇರುತ್ತದೆ. ಸಾಮಾನ್ಯವಾಗಿ ನಡೆಯುವ ಮನುಷ್ಯನ ಒಂದೊಂದು ಕಾಲು ವರ್ಷಕ್ಕೆ ಸುಮಾರು 10 ಲಕ್ಷ ಹೆಜ್ಜೆ ಹಾಕುತ್ತದೆ, ಪ್ರತಿ ಹೆಜ್ಜೆಗೂ ಆ ಪದರ ಚೂರು ಚೂರು ಸವೆಯುತ್ತದೆ. ಹಳೇ ಬಗೆಯ ಪ್ಲಾಸ್ಟಿಕ್ ವರ್ಷಕ್ಕೆ ಸರಿಸುಮಾರು 0.1 ಮಿಲಿಮೀಟರ್ ಸವೆಯುತ್ತಿತ್ತು. ಬಹಳ ಕಡಿಮೆ ಅನಿಸುತ್ತದೆ, ಆದರೆ ಆ ಪುಡಿಯ ಕಣಗಳು ಎಷ್ಟು ಸಣ್ಣವೆಂದರೆ ನಮ್ಮ ಮೈಯ ರಕ್ಷಣಾ ಕೋಶಗಳು ಅವನ್ನು ರೋಗಾಣು ಎಂದುಕೊಂಡು ನುಂಗುತ್ತವೆ. ನುಂಗಿದರೂ ಅರಗಿಸಲು ಆಗುವುದಿಲ್ಲ. ಆಗ ಅವು ಹೊರಬಿಡುವ ರಾಸಾಯನಿಕಗಳು ಮೂಳೆ ಕರಗಿಸುವ ಕೋಶಗಳನ್ನು ಎಬ್ಬಿಸುತ್ತವೆ. ಅಂದರೆ ಮೂಳೆಯನ್ನು ತಿನ್ನುವುದು ಪ್ಲಾಸ್ಟಿಕ್ ಅಲ್ಲ, ನಮ್ಮದೇ ದೇಹ. ಮಳೆಗೆ ಸುತ್ತಲಿನ ಮಣ್ಣು ಕೊಚ್ಚಿಹೋದ ಬೇಲಿಗೂಟದ ಹಾಗೆ ಕೀಲು ಮೇಲಿನಿಂದ ನೆಟ್ಟಗೇ ಕಾಣುತ್ತದೆ, ಬುಡ ಮಾತ್ರ ಟೊಳ್ಳು.

ಈ ಪುಡಿಯ ಕಾಟ ಮೊದಲಿಂದಲೂ ಇದ್ದದ್ದೇ. ಇಂಗ್ಲೆಂಡಿನ ಜಾನ್ ಚಾರ್ನ್ಲಿ ಎಂಬ ಸರ್ಜನ್ ಮೊದಲು ಟೆಫ್ಲಾನ್ ಬಟ್ಟಲು ಹಾಕಿ ನೋಡಿದರು, ಅದು ಕೆಲವೇ ವರ್ಷಗಳಲ್ಲಿ ಸವೆದು ಸುತ್ತಲಿನ ಮಾಂಸವನ್ನೆಲ್ಲ ಕೆಡಿಸಿತು. 1962ರ ನವೆಂಬರ್‌ನಲ್ಲಿ ಅವರು ಪಾಲಿಎಥಿಲೀನ್‌ಗೆ ಬಂದರು, ಇವತ್ತಿನ ಕೀಲುಗಳೆಲ್ಲ ಆ ದಾರಿಯಲ್ಲೇ ಬಂದವು. ಆಮೇಲೂ ಬಹಳ ಕಾಲ ಮೂಳೆ ಕರಗುವುದಕ್ಕೆ ಕೀಲನ್ನು ಮೂಳೆಯಲ್ಲಿ ಕೂರಿಸಲು ಹಾಕುವ ಸಿಮೆಂಟೇ ಕಾರಣ ಎಂದು ನಂಬಿದ್ದರು. ಸಿಮೆಂಟ್ ಇಲ್ಲದ ಕೀಲುಗಳಲ್ಲೂ ಮೂಳೆ ಕರಗಿದಾಗಲೇ ತಪ್ಪು ಎಲ್ಲಿದೆ ಎಂದು ಗೊತ್ತಾದದ್ದು. 1990ರ ದಶಕದ ಕೊನೆಯಿಂದ ಕ್ರಾಸ್‌ಲಿಂಕ್ಡ್ ಎಂಬ ಗಟ್ಟಿ ಬಗೆಯ ಪ್ಲಾಸ್ಟಿಕ್ ಬಂತು, ಸವೆತ ತುಂಬಾ ಕಡಿಮೆಯಾಯಿತು. ನಿಮ್ಮ ಆಪರೇಷನ್ ಅದಕ್ಕಿಂತ ಹಳೆಯದಾಗಿದ್ದರೆ ಎಕ್ಸ್‌ರೇ ವಿಷಯದಲ್ಲಿ ಇನ್ನೂ ಎಚ್ಚರವಿರಲಿ.

ಸಿಮೆಂಟ್ ಇಲ್ಲದ ಕೀಲು ನಿಲ್ಲುವುದು ಮೂಳೆಯೇ ಅದರ ಒರಟು ಮೈಯೊಳಗೆ ಬೆಳೆದಾಗ. ಮೊದಲ ಕೆಲವು ವಾರ ಕೀಲು ಒಳಗೊಳಗೇ ಅಲುಗಾಡಿದರೆ ಅಲ್ಲಿ ಮೂಳೆ ಬೆಳೆಯುವುದಿಲ್ಲ, ಬರೀ ನಾರು ಬೆಳೆಯುತ್ತದೆ, ನಾರು ಹಿಡಿದ ಕೀಲು ಗಟ್ಟಿ ನಿಲ್ಲುವುದಿಲ್ಲ. ಆರು ವಾರ ವಾಕರ್ ಬಿಡಬೇಡಿ ಎಂದು ಹೇಳಿದ್ದರೆ ಬಿಡಬೇಡಿ. ಅಡಿಕೆ ಕೊಯ್ಲು ಬಂತು, ಆಳು ಸಿಗುವುದಿಲ್ಲ ಎಂದು ವಾಕರ್ ಮೂಲೆಗಿಟ್ಟು ಅಂಗಳಕ್ಕಿಳಿಯುವ ಅಪ್ಪಯ್ಯಂದಿರನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಇನ್ನೊಂದು ಕಾರಣ ಸೋಂಕು, ಅದನ್ನು ಮುಂದೆ ಹೇಳುತ್ತೇನೆ. ಬಿದ್ದು ಕೀಲಿನ ಸುತ್ತಲಿನ ಮೂಳೆ ಮುರಿಯುವುದು, ಚೆಂಡು ಬಟ್ಟಲಿನಿಂದ ಪದೇ ಪದೇ ಜಾರುವುದು, ಇವೂ ಎರಡನೇ ಆಪರೇಷನ್‌ಗೆ ಒಯ್ಯುತ್ತವೆ.

ವಯಸ್ಸಿನ ಲೆಕ್ಕವೂ ಇದೆ. 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ, ಆಸ್ಟ್ರೇಲಿಯಾ ಮತ್ತು ಫಿನ್ಲೆಂಡಿನ ದಾಖಲೆಗಳನ್ನು ಆಧರಿಸಿದ ಲೆಕ್ಕದ ಪ್ರಕಾರ 100 ಕೀಲುಗಳಲ್ಲಿ ಸುಮಾರು 89 ಕೀಲು 15 ವರ್ಷ ದಾಟುತ್ತವೆ, 70 ಕೀಲು 20 ವರ್ಷ ದಾಟುತ್ತವೆ, 58 ಕೀಲು 25 ವರ್ಷ ಬಾಳುತ್ತವೆ. ಎಪ್ಪತ್ತು ವರ್ಷದ ಅಜ್ಜಿಗೆ ಇದು ಧೈರ್ಯದ ಸುದ್ದಿ. ನಲವತ್ತು ವರ್ಷದವರಿಗೆ ಹಾಗಲ್ಲ. ಚೆಂಡಿಗೆ ರಕ್ತ ಹರಿಯುವುದು ನಿಂತು ಕೀಲು ಹಾಳಾದ ಎವಿಎನ್ ರೋಗಿಗಳು ಜಾಸ್ತಿ ಚಿಕ್ಕ ವಯಸ್ಸಿನವರೇ. ಸಾಗರ ತಾಲ್ಲೂಕಿನ ಹಂದಿಗೋಡಿನ ಹೆಸರಿನಲ್ಲೇ ಕರೆಯುವ, ತಲೆಮಾರಿನಿಂದ ತಲೆಮಾರಿಗೆ ಬರುವ ಕೀಲಿನ ಕಾಯಿಲೆಯೂ ಸೊಂಟವನ್ನು ಬೇಗ ಹಾಳು ಮಾಡುತ್ತದೆ. ಇಂಥವರು ಮೊದಲ ಆಪರೇಷನ್ ದಿನವೇ ಎರಡನೆಯದು ಬರಬಹುದು ಎಂದು ಲೆಕ್ಕ ಇಟ್ಟುಕೊಂಡು, ಯಾವ ಬಗೆಯ ಚೆಂಡು, ಯಾವ ಪದರ ಎಂದು ಡಾಕ್ಟರ ಹತ್ತಿರ ಕೂತು ಮಾತಾಡಬೇಕು.

ಯಾವ ಲಕ್ಷಣ ನೋಡಬೇಕು

ಕೂತಲ್ಲಿಂದ ಎದ್ದು ಮೊದಲ ನಾಲ್ಕೈದು ಹೆಜ್ಜೆಗೆ ನೋವು, ಆಮೇಲೆ ನಡೆಯುತ್ತಾ ನಡೆಯುತ್ತಾ ಕಡಿಮೆಯಾಗುವುದು. ಇದು ಸಡಿಲಾದ ಕೀಲಿನ ಬಹಳ ದೊಡ್ಡ ಗುರುತು, ಆದರೆ "ವಾಯು ಹಿಡಿದಿದೆ" ಎಂದು ಎಣ್ಣೆ ಹಚ್ಚಿ ವರ್ಷ ಕಳೆಯುತ್ತಾರೆ. ನೋವು ತೊಡೆಸಂದಿನಲ್ಲಿದ್ದರೆ ಬಟ್ಟಲಿನ ಕಡೆ ಅನುಮಾನ, ತೊಡೆಯ ನಡುವೆ ಇದ್ದರೆ ಮೂಳೆಯೊಳಗೆ ಇಳಿಸಿದ ಸ್ಟೆಮ್ ಕಡೆ ಅನುಮಾನ. ಕಾಲು ಗಿಡ್ಡವಾದಂತೆ ಅನಿಸುವುದು, ಹೊಸದಾಗಿ ಕುಂಟು ಬರುವುದು, ಚಪ್ಪಲಿ ಒಂದೇ ಬದಿ ಸವೆಯುವುದನ್ನೂ ಗಮನಿಸಿ. ಮಂಡಿ ನೋವು ಎಂದು ಬಂದವರಲ್ಲಿ ಮೂಲ ಸೊಂಟದಲ್ಲಿರುವುದೂ ಉಂಟು.

ಮಲಗಿದ್ದಾಗಲೂ, ರಾತ್ರಿಯೂ ಬಿಡದ ನೋವು, ಜ್ವರ, ಹಳೇ ಗಾಯದ ಜಾಗ ಕೆಂಪಾಗುವುದು ಅಥವಾ ನೀರು ಸುರಿಯುವುದು, ಇವು ಸೋಂಕಿನ ಕಡೆ ಬೆರಳು ತೋರಿಸುತ್ತವೆ. ಇಂಥ ಹೊತ್ತಲ್ಲಿ ದಯವಿಟ್ಟು ಒಂದು ಕೆಲಸ ಮಾಡಬೇಡಿ: ಮೆಡಿಕಲ್ ಶಾಪಿನಿಂದ ಆ್ಯಂಟಿಬಯೋಟಿಕ್ ತಂದು ನುಂಗಬೇಡಿ. ಕೀಲಿನಿಂದ ನೀರು ತೆಗೆದು ಯಾವ ರೋಗಾಣು ಎಂದು ಪರೀಕ್ಷೆ ಮಾಡಬೇಕಾಗುತ್ತದೆ, ಮಾತ್ರೆ ತಿಂದಿದ್ದರೆ ರೋಗಾಣು ಅಡಗಿ ಪರೀಕ್ಷೆ ಸೋಂಕಿಲ್ಲ ಎಂದು ಸುಳ್ಳೇ ತೋರಿಸುತ್ತದೆ. ಸಾಮಾನ್ಯವಾಗಿ ಮಾತ್ರೆ ನಿಲ್ಲಿಸಿ ಎರಡು ವಾರ ಕಾಯಿಸುತ್ತಾರೆ. ಆದರೆ ಜ್ವರ ಏರಿ, ಮೈ ನಡುಗಿ, ಮಾತು ತಡವರಿಸುವ ಹಾಗಾದರೆ ಕಾಯುವ ಮಾತೇ ಇಲ್ಲ, ನೇರ ಆಸ್ಪತ್ರೆಗೆ ಹೋಗಬೇಕು. ಕಾಲು ಇದ್ದಕ್ಕಿದ್ದ ಹಾಗೆ ಗಿಡ್ಡವಾಗಿ ನೆಲಕ್ಕೂರಲು ಆಗದಿದ್ದರೂ ಅಷ್ಟೇ. ಮನೆಯಲ್ಲಿ ಎಳೆದು ತಿರುವಬೇಡಿ, ಹಲಗೆಯ ಮೇಲೆ ಮಲಗಿಸಿ ಸಾಗಿಸಿ.

ನೋವಿಲ್ಲದಿದ್ದರೂ ಎಕ್ಸ್‌ರೇ ಬೇಕು. ಮೊದಲ ವರ್ಷ ಮುಗಿದಾಗ ಒಂದು, ಆಮೇಲೆ ನಿಮ್ಮ ಡಾಕ್ಟರು ಹೇಳಿದ ಅಂತರದಲ್ಲಿ, ಹತ್ತು ವರ್ಷ ದಾಟಿದ ಮೇಲಂತೂ ತಪ್ಪಿಸಲೇಬೇಡಿ. ಆಗುಂಬೆ ಕಡೆಯವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಓಡಾಡುವುದು ಕಷ್ಟ, ಹಾಗಾಗಿ ಬೇಸಿಗೆಯಲ್ಲೇ ಮುಗಿಸಿಕೊಳ್ಳಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋದರೂ ಸರಿ, ಬೇರೆ ಕಡೆ ಹೋದರೂ ಸರಿ, ಹಳೇ ಫಿಲ್ಮ್ ಮತ್ತು ಸ್ಟಿಕ್ಕರ್ ಹಾಳೆ ಕೈಯಲ್ಲಿರಲಿ. "ಮೊದಲಿನದಕ್ಕೂ ಇದಕ್ಕೂ ವ್ಯತ್ಯಾಸ ಇದೆಯಾ, ಸ್ಟೆಮ್ ಕೆಳಗಿಳಿದಿದೆಯಾ, ಸುತ್ತ ಕಪ್ಪು ಗೆರೆ ಕಾಣುತ್ತದೆಯಾ" ಎಂದು ಬಾಯಿಬಿಟ್ಟು ಕೇಳಿ. ಅನುಮಾನ ಬಂದರೆ ಸೋಂಕಿನ ಸುಳಿವು ಕೊಡುವ ಇಎಸ್‌ಆರ್, ಸಿಆರ್‌ಪಿ ರಕ್ತಪರೀಕ್ಷೆ, ಬೇಕಾದರೆ ಸಿಟಿ ಸ್ಕ್ಯಾನ್ ಬರೆಯುತ್ತಾರೆ.

ಮನೆಯಲ್ಲಿ ಮಾಡುವುದು

ಬೀಳದಂತೆ ನೋಡಿಕೊಳ್ಳುವುದೇ ಅರ್ಧ ಕೆಲಸ. ಮಳೆಗಾಲದ ಅಂಗಳದ ಪಾಚಿಯನ್ನು ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿಸಿ, ನಡೆಯುವ ದಾರಿಗೆ ಅಡಿಕೆ ದಬ್ಬೆ ಹಾಸಿದ್ದರೆ ಅಲುಗಾಡದಂತೆ ಮೊಳೆ ಹೊಡೆಸಿ. ಬಚ್ಚಲಿಗೆ, ಕೊಟ್ಟಿಗೆಯ ದಾರಿಗೆ ರಾತ್ರಿ ದೀಪ ಇರಲಿ, ಗೋಡೆಗೆ ಹಿಡಿಕೆ ಇರಲಿ. ಕಮೋಡ್ ಬೇಕೇ ಬೇಕು. ಮೆಟ್ಟುಗತ್ತಿಯ ಮೇಲೆ ಕೂತು ಅಡಿಕೆ ಸುಲಿಯುವುದು, ಮಣೆಯ ಮೇಲೆ ಊಟಕ್ಕೆ ಕೂರುವುದು ಇವೆಲ್ಲ ಸೊಂಟವನ್ನು ತುಂಬಾ ಮಡಿಸುತ್ತವೆ. ಮೊದಲ ತಿಂಗಳುಗಳಲ್ಲಿ ಖಂಡಿತ ಬೇಡ, ಆಮೇಲೂ ಡಾಕ್ಟರನ್ನು ಕೇಳದೆ ಬೇಡ. ಮೂಳೆ ಸಾಂದ್ರತೆ, ವಿಟಮಿನ್ ಡಿ ಒಮ್ಮೆ ನೋಡಿಸಿಕೊಳ್ಳಿ.

ಗಾಯಗಳನ್ನು ಸುಮ್ನೆ ಬಿಡಬೇಡಿ. ಉಂಬಳ (ಜಿಗಣೆ) ಕಚ್ಚಿದ ಜಾಗ ಕೆರೆದು ಕೀವಾಗುವುದು, ಕೆಸರಿನಲ್ಲಿ ಬೆರಳ ಸಂದಿ ಕೊಳೆಯುವುದು, ಒಡೆದ ಹಿಮ್ಮಡಿ, ಹುಳುಕು ಹಲ್ಲು, ಪದೇ ಪದೇ ಬರುವ ಉರಿಮೂತ್ರ, ಇಲ್ಲಿಂದ ರೋಗಾಣು ರಕ್ತ ಸೇರಿ ಕೀಲಿನಲ್ಲಿ ಮನೆ ಮಾಡಬಹುದು. ಸಕ್ಕರೆ ಕಾಯಿಲೆ ಇದ್ದರೆ ಅಪಾಯ ಇನ್ನೂ ಜಾಸ್ತಿ. ಲೋಹದ ಮೇಲೆ ರೋಗಾಣು ಲೋಳೆಯ ಪರದೆ ಕಟ್ಟಿಕೊಂಡರೆ ಮಾತ್ರೆ ಒಳಗೆ ಹೋಗುವುದೇ ಇಲ್ಲ.

ಎರಡನೇ ಆಪರೇಷನ್ ಬೇಕು ಎಂದರೆ

ಮೊದಲನೆಯದರ ಹಾಗೆ ಇರುವುದಿಲ್ಲ ಎಂದು ಮನೆಯವರಿಗೆಲ್ಲ ಗೊತ್ತಿರಲಿ. ಹಳೆಯದನ್ನು ಬಿಡಿಸಬೇಕು, ಸಿಮೆಂಟ್ ಕೆತ್ತಿ ತೆಗೆಯಬೇಕು, ಕೆಲವು ಸಲ ತೊಡೆಮೂಳೆಯನ್ನೇ ಉದ್ದಕ್ಕೆ ಸೀಳಿ ಆಮೇಲೆ ತಂತಿಯಿಂದ ಬಿಗಿಯಬೇಕು. ಕರಗಿದ ಜಾಗಕ್ಕೆ ಮೂಳೆ ತುಂಬುತ್ತಾರೆ ಅಥವಾ ಲೋಹದ ತುಂಡು ಕೂರಿಸುತ್ತಾರೆ, ಉದ್ದನೆಯ ಸ್ಟೆಮ್ ಹಾಕುತ್ತಾರೆ. ಹೊತ್ತು ಜಾಸ್ತಿ, ರಕ್ತ ಜಾಸ್ತಿ, ಸೋಂಕು ಮತ್ತು ಕೀಲು ಜಾರುವ ಅಪಾಯವೂ ಜಾಸ್ತಿ. ಪ್ಲಾಸ್ಟಿಕ್ ಪದರ ಮಾತ್ರ ಸವೆದಿದ್ದು ಉಳಿದದ್ದು ಗಟ್ಟಿಯಿದ್ದರೆ ಪದರ, ಚೆಂಡು ಬದಲಿಸಿ ಮುಗಿಸಬಹುದು. ಬೇಗ ಹಿಡಿದರೆ ಸಿಗುವ ಲಾಭ ಇದೇ. ಹಳೇ ಸೋಂಕು ಇದ್ದರೆ ಎಷ್ಟೋ ಸಲ ಎರಡು ಹಂತ: ಮೊದಲು ಎಲ್ಲ ತೆಗೆದು ಆ್ಯಂಟಿಬಯೋಟಿಕ್ ಬೆರೆಸಿದ ಸಿಮೆಂಟಿನ ತಾತ್ಕಾಲಿಕ ಕೀಲು, ಕೆಲವು ವಾರ ಔಷಧಿ, ಸೋಂಕು ಹೋದ ಮೇಲೆ ಹೊಸ ಕೀಲು.

ಇದನ್ನು ಆಗಾಗ ಮಾಡುವ ಸರ್ಜನ್ ಹತ್ತಿರವೇ ಮಾಡಿಸಿ, ಅದಕ್ಕೆ ಮಣಿಪಾಲಕ್ಕೋ ಬೆಂಗಳೂರಿಗೋ ಹೋಗಬೇಕಾದರೂ ಪರವಾಗಿಲ್ಲ, ಇದು ನನ್ನ ಗಟ್ಟಿ ಅಭಿಪ್ರಾಯ. "ವರ್ಷಕ್ಕೆ ಎಷ್ಟು ರಿವಿಷನ್ (ಇಂಥ ಎರಡನೇ ಆಪರೇಷನ್) ಮಾಡುತ್ತೀರಿ" ಎಂದು ಕೇಳಿದರೆ ಒಳ್ಳೆಯ ಡಾಕ್ಟರು ಬೇಜಾರು ಮಾಡಿಕೊಳ್ಳುವುದಿಲ್ಲ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ರಿವಿಷನ್ ಯಾವ ಪ್ಯಾಕೇಜಿನಲ್ಲಿ ಬರುತ್ತದೆ, ರೆಫರಲ್ ಪತ್ರ ಬೇಕಾ, ಉದ್ದ ಸ್ಟೆಮ್‌ಗೆ ಮೇಲಿಂದ ಕಟ್ಟಬೇಕಾ ಎಂದು ದಿನಾಂಕ ಗೊತ್ತು ಮಾಡುವ ಮೊದಲೇ ಆಸ್ಪತ್ರೆಯಲ್ಲಿ ಈ ಯೋಜನೆಯ ಸಹಾಯಕ್ಕೆ ಇರುವ ಆರೋಗ್ಯಮಿತ್ರರ ಹತ್ತಿರ ಕೇಳಿ. ಡಿಸ್ಚಾರ್ಜ್ ದಿನ ಹೊಸ ಸ್ಟಿಕ್ಕರ್ ಹಾಳೆಯನ್ನೂ ಹೊಸ ಎಕ್ಸ್‌ರೇಯನ್ನೂ ಕೇಳಿ ತೆಗೆದುಕೊಂಡೇ ಗಾಡಿ ಹತ್ತಿ.