ವೇಟ್‌ರೋಸ್‌ನಲ್ಲಿ ಪಾರ್ಟ್‌ನರ್ ಆಗಿ ಕೆಲಸ: ನನ್ನ ಅನುಭವ

ಇಂಗ್ಲೆಂಡಿಗೆ ಹೊಸದಾಗಿ ಬಂದ ನಮ್ಮ ಕಡೆಯವರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ. "ವೇಟ್‌ರೋಸ್‌ನಲ್ಲಿ ಕೆಲಸಕ್ಕೆ ಸೇರಿದವರೆಲ್ಲ ಮಾಲೀಕರಂತೆ, ಹೌದಾ? ನಿಮಗೂ ಷೇರು ಕೊಟ್ಟಿದ್ದರಾ?" ವೇಟ್‌ರೋಸ್ ಅಂದರೆ ಬ್ರಿಟನ್ನಿನ ಒಂದು ಸೂಪರ್ ಮಾರ್ಕೆಟ್ ಸರಣಿ, ಅಲ್ಲಿನ ಕೆಲಸಗಾರರನ್ನು ಪಾರ್ಟ್‌ನರ್ ಅಂತಲೇ ಕರೆಯುತ್ತಾರೆ. ಅದರ ಬರ್ಕ್‌ಷೈರ್‌ನ ಒಂದು ಶಾಖೆಯಲ್ಲಿ ನಾನು ಕೆಲವು ವರ್ಷ ದುಡಿದೆ, ಹೆಚ್ಚಾಗಿ ಹಾಲು, ಮೊಸರು, ಚೀಸ್ ಇಡುವ ಚಿಲ್ಲರ್ ವಿಭಾಗದಲ್ಲಿ. ಒಂದೇ ಒಂದು ಷೇರೂ ನನ್ನ ಹೆಸರಿನಲ್ಲಿ ಇರಲಿಲ್ಲ. ಹಾಗಂತ ಮಾಲೀಕರು ಅನ್ನುವ ಮಾತು ಸುಳ್ಳೂ ಅಲ್ಲ. ಅದು ಹೇಗೆ ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದನ್ನು ಅರ್ಥ ಮಾಡಿಕೊಂಡ ಮೇಲೆಯೇ ನನಗೆ ಆ ಕೆಲಸದ ರುಚಿ ಹತ್ತಿದ್ದು.

1904ರಲ್ಲಿ ವ್ಯಾಲೇಸ್ ವೇಟ್, ಆರ್ಥರ್ ರೋಸ್, ಡೇವಿಡ್ ಟೇಲರ್ ಅನ್ನುವ ಮೂವರು ಪಶ್ಚಿಮ ಲಂಡನ್ನಿನ ಆಕ್ಟನ್‌ನಲ್ಲಿ ಒಂದು ದಿನಸಿ ಅಂಗಡಿ ಹಾಕಿದರು. ಟೇಲರ್ ಬೇಗ ಬಿಟ್ಟು ಹೋದರು. ಉಳಿದ ಇಬ್ಬರ ಹೆಸರು ಸೇರಿ ವೇಟ್‌ರೋಸ್ ಆಯಿತು. ಆಗ ಅದು ಎಲ್ಲ ಅಂಗಡಿಗಳ ಹಾಗೆ ಮಾಲೀಕರ ಅಂಗಡಿಯೇ. ಕೆಲಸಗಾರರ ಒಡೆತನದ ಕತೆ ಶುರುವಾಗುವುದು ಬೇರೆ ಕಡೆ, ಆಕ್ಸ್‌ಫರ್ಡ್ ಸ್ಟ್ರೀಟಿನ ಜಾನ್ ಲೂಯಿಸ್ ಬಟ್ಟೆ ಅಂಗಡಿಯಲ್ಲಿ. ಆ ಅಂಗಡಿಯ ಯಜಮಾನರ ಮಗ ಜಾನ್ ಸ್ಪೆಡನ್ ಲೂಯಿಸ್ ಲೆಕ್ಕದ ಪುಸ್ತಕ ನೋಡುವಾಗ ಒಂದು ವಿಷಯ ಕಂಡರು. ಅಪ್ಪ, ತಾನು, ತಮ್ಮ, ಈ ಮೂವರು ತೆಗೆದುಕೊಳ್ಳುವ ದುಡ್ಡು ಅಂಗಡಿಯ ಅಷ್ಟೂ ಕೆಲಸಗಾರರ ಒಟ್ಟು ಸಂಬಳಕ್ಕಿಂತ ಜಾಸ್ತಿ ಇತ್ತು. ಇದು ಅವರ ಮನಸ್ಸಿಗೆ ಹಿಡಿಸಲಿಲ್ಲ. 1909ರಲ್ಲಿ ಕುದುರೆಯಿಂದ ಬಿದ್ದು ತುಂಬಾ ಕಾಲ ಹಾಸಿಗೆ ಹಿಡಿದಿದ್ದಾಗ ಇದನ್ನೇ ಯೋಚಿಸಿದರು. ಆಮೇಲೆ ತಮ್ಮ ಕೈಗೆ ಬಂದ ಪೀಟರ್ ಜೋನ್ಸ್ ಅಂಗಡಿಯಲ್ಲಿ ಲಾಭ ಹಂಚುವುದನ್ನು ಮಾಡಿ ನೋಡಿದರು. ಕೊನೆಗೆ 1929ರಲ್ಲಿ ಇಡೀ ಕಂಪನಿಯನ್ನು ಟ್ರಸ್ಟಿಗೆ ಬರೆದರು, 1950ರಲ್ಲಿ ಎರಡನೇ ಪತ್ರ ಮಾಡಿ ಪೂರ್ತಿ ಹಿಡಿತವನ್ನೂ ಬಿಟ್ಟುಕೊಟ್ಟರು. ಈ ಜಾನ್ ಲೂಯಿಸ್ ಪಾರ್ಟ್‌ನರ್‌ಶಿಪ್ ಕಂಪನಿಯೊಳಗೆ ವೇಟ್‌ರೋಸ್ ಬಂದದ್ದು 1937ರಲ್ಲಿ. ಆಗ ಇದ್ದದ್ದು 10 ಅಂಗಡಿ, 160 ಜನ. ಈಗ 300ಕ್ಕಿಂತ ಹೆಚ್ಚು ಅಂಗಡಿಗಳಿವೆ.

ಷೇರು ಇಲ್ಲದೆ ಒಡೆತನ ಎಲ್ಲಿಂದ ಬಂತು ಅನ್ನುವುದಕ್ಕೆ ಉತ್ತರ ಇಲ್ಲಿದೆ. ಷೇರುಗಳೆಲ್ಲ ಟ್ರಸ್ಟಿನಲ್ಲಿ ಇವೆ, ಕೆಲಸಗಾರರ ಪರವಾಗಿ. ಯಾರೂ ಮಾರುವ ಹಾಗಿಲ್ಲ, ಬಿಟ್ಟು ಹೋಗುವಾಗ ತೆಗೆದುಕೊಂಡು ಹೋಗುವ ಹಾಗಿಲ್ಲ. ಇರುವಷ್ಟು ದಿನ ನಿಮ್ಮದು, ಹೋದ ಮೇಲೆ ಮುಂದಿನವರದ್ದು. ನಮ್ಮ ಕೆಎಂಎಫ್ ಹಾಲು ಹಾಕುವ ರೈತರದ್ದು, ಜನತಾ ಬಜಾರ್ ಸಾಮಾನು ಕೊಳ್ಳುವ ಸದಸ್ಯರದ್ದು. ಇದು ಕೌಂಟರ್ ಹಿಂದೆ ನಿಂತವರದ್ದು. ಊರಲ್ಲಿ ಅಣ್ಣನಿಗೆ ವಿವರಿಸುವಾಗ ನಾನು ಇಂಡಿಯನ್ ಕಾಫಿ ಹೌಸ್ ಹೆಸರು ಹೇಳಿದೆ, ತಕ್ಷಣ ಅರ್ಥ ಆಯಿತು. ಕಾಫಿ ಬೋರ್ಡ್ ತನ್ನ ಕಾಫಿ ಹೌಸ್‌ಗಳನ್ನು ಮುಚ್ಚಲು ಹೊರಟಾಗ ಕೆಲಸಗಾರರೇ ಸಹಕಾರ ಸಂಘ ಕಟ್ಟಿಕೊಂಡರಲ್ವಾ, ಅದರ ಮೊದಲ ಸಂಘ 1957ರಲ್ಲಿ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ. ಅಲ್ಲಿ ಕೆಲಸ ಕಳೆದುಕೊಳ್ಳುವವರು ಎದ್ದು ನಿಂತು ಪಡೆದರು, ಇಲ್ಲಿ ಯಜಮಾನರೇ ಬರೆದುಕೊಟ್ಟರು. ದೊಡ್ಡ ವ್ಯತ್ಯಾಸ ಅದೇ.

ಸರಿ, ದಿನದ ಕೆಲಸಕ್ಕೆ ಬರೋಣ. ಬೆಳಗಿನ ಪಾಳಿ ಅಂದರೆ ಇನ್ನೂ ಕತ್ತಲಿರುವಾಗಲೇ ಲಾರಿ ಬಂದು ಚಕ್ರದ ಕೇಜ್‌ಗಳನ್ನು ಇಳಿಸಿರುತ್ತದೆ. ಹಳೆ ತಾರೀಖಿನದ್ದನ್ನು ಮುಂದಕ್ಕೆ ಎಳೆಯಬೇಕು, ಹೊಸದನ್ನು ಹಿಂದೆ ಇಡಬೇಕು. ಚಿಲ್ಲರ್ ಒಳಗೆ ಅರ್ಧ ಗಂಟೆ ಕೈ ಹಾಕಿದರೆ ಬೆರಳುಗಳು ಮರಗಟ್ಟುತ್ತವೆ. ಇದರಲ್ಲಿ ಯಾವ ಸೂಪರ್ ಮಾರ್ಕೆಟ್ಟಾದರೂ ಒಂದೇ.

ಬೇರೆ ಅನ್ನಿಸಿದ್ದು ಸಂಜೆ ಬೆಲೆ ಇಳಿಸುವ ಹೊತ್ತಿನಲ್ಲಿ. ಕ್ರಿಸ್ಮಸ್ ಕಳೆದ ಮೇಲೆ ಸ್ಟಿಲ್ಟನ್ ಚೀಸ್ ಉಳಿದೇ ಉಳಿಯುತ್ತದೆ. ಕ್ರೀಮ್ ಡಬ್ಬಿಗಳೂ ಅಷ್ಟೇ. ಕೈಯಲ್ಲಿ ಪುಟ್ಟ ಯಂತ್ರ, ಸೊಂಟಕ್ಕೆ ಲೇಬಲ್ ಪ್ರಿಂಟರ್. ತಾರೀಖು ನೋಡುವುದು, ಸ್ಕ್ಯಾನ್ ಮಾಡುವುದು, ಕಡಿಮೆ ಬೆಲೆಯ ಲೇಬಲ್ ಅಂಟಿಸುವುದು. ತುಂಬಾ ಬೇಗ ಇಳಿಸಿದರೆ ಪೂರ್ತಿ ಬೆಲೆಗೆ ಹೋಗುವ ಮಾಲೂ ಅಗ್ಗಕ್ಕೆ ಹೋಗುತ್ತದೆ. ತಡ ಮಾಡಿದರೆ ಬಾಗಿಲು ಹಾಕುವಾಗ ಹಾಗೇ ಉಳಿಯುತ್ತದೆ. ಉಳಿದದ್ದರಲ್ಲಿ ತಿನ್ನಲು ಯೋಗ್ಯವಾದದ್ದು ಫೇರ್‌ಶೇರ್‌ನಂಥ ಸಂಸ್ಥೆಗಳ ಮೂಲಕ ಬೇಕಾದವರಿಗೆ ಹೋಗುತ್ತದೆ, ಅದು ಒಳ್ಳೆಯದೇ, ಆದರೆ ಅಂಗಡಿಯ ಲೆಕ್ಕದಲ್ಲಿ ಅದು ನಷ್ಟ. ನಾನು ಮಾಡುತ್ತಿದ್ದದ್ದು ಇಷ್ಟು: ಮಧ್ಯಾಹ್ನವೇ ಒಂದು ಸುತ್ತು ಹಾಕಿ, ಎಷ್ಟು ಉಳಿದಿದೆ, ಸಂಜೆ ಆಫೀಸ್ ಮುಗಿಸಿ ಬರುವವರು ಏನು ಕೊಳ್ಳುತ್ತಾರೆ ಅಂತ ಅಂದಾಜು ಮಾಡಿ, ಮೊದಲ ಇಳಿಕೆ ಸಣ್ಣದಾಗಿ, ಎರಡನೆಯದು ಗಟ್ಟಿಯಾಗಿ. ಜೊತೆಗಿದ್ದ ಹಿರಿಯ ಪಾರ್ಟ್‌ನರ್ ಒಬ್ಬರು ವಾರದ ನಷ್ಟದ ಮೊತ್ತವನ್ನು ಬಾಯಲ್ಲೇ ಹೇಳುತ್ತಿದ್ದರು. ಮ್ಯಾನೇಜರ್ ಕೇಳುತ್ತಾರೆ ಅಂತ ಅಲ್ಲ. ಆ ದುಡ್ಡು ತಮ್ಮದು ಅಂತ.

ಹಾಗೆ ಅನ್ನಿಸುವುದಕ್ಕೆ ಕಾರಣ ಬೋನಸ್ ಅಂತ ಎಲ್ಲರೂ ತಿಳಿದಿದ್ದಾರೆ. ಮಾರ್ಚ್ ತಿಂಗಳಲ್ಲಿ ವರ್ಷದ ಫಲಿತಾಂಶ ಬರುತ್ತದೆ. ಬೋನಸ್ ಕೊಡುವ ವರ್ಷ ಸಂಬಳದ ಶೇಕಡಾ ಇಷ್ಟು ಅಂತ ಒಂದೇ ಸಂಖ್ಯೆ, ಅಧ್ಯಕ್ಷರಿಗೂ ಅದೇ, ಟ್ರಾಲಿ ತಳ್ಳುವ ಹುಡುಗನಿಗೂ ಅದೇ. 2013ರಲ್ಲಿ ಅದು ಶೇ 17 ಇತ್ತು, ಅಂದರೆ ಹೆಚ್ಚುಕಡಿಮೆ ಒಂಬತ್ತು ವಾರದ ಸಂಬಳ. ಆಮೇಲೆ ವರ್ಷವರ್ಷವೂ ಇಳಿಯಿತು. ಆಲ್ಡಿ, ಲಿಡ್ಲ್ ಅನ್ನುವ ಸೂಪರ್ ಮಾರ್ಕೆಟ್‌ಗಳು ಅಗ್ಗದ ಬೆಲೆಯಲ್ಲಿ ಗಿರಾಕಿಗಳನ್ನು ಎಳೆದವು, ಜಾನ್ ಲೂಯಿಸ್ ಬಟ್ಟೆಬರೆಯ ವ್ಯಾಪಾರ ಆನ್‌ಲೈನ್ ಕಡೆ ಹೋಯಿತು. 2020ರಲ್ಲಿ ಶೇ 2. 2021ರಲ್ಲಿ ಸೊನ್ನೆ, 1953ರ ನಂತರ ಮೊದಲ ಸಲ. 2023, 2024, 2025ರಲ್ಲೂ ಸೊನ್ನೆಯೇ.

ಒಡೆತನ ಅಂದರೆ ಬೋನಸ್ ಮಾತ್ರ ಆಗಿದ್ದರೆ ಅಲ್ಲಿಗೇ ಎಲ್ಲ ಮುಗಿಯಬೇಕಿತ್ತು. ಮುಗಿಯಲಿಲ್ಲ. ನನ್ನ ಪ್ರಕಾರ ಅದರ ಜೀವ ಇರುವುದು ಪ್ರಶ್ನೆ ಕೇಳುವ ಹಕ್ಕಿನಲ್ಲಿ. ಗೆಜೆಟ್ ಅಂತ ಒಳಗಿನ ಪತ್ರಿಕೆ ಇದೆ, 1918ರಿಂದ ಬರುತ್ತಿದೆ. ಯಾವ ಪಾರ್ಟ್‌ನರ್ ಬೇಕಾದರೂ ಹೆಸರು ಹಾಕದೆ ಅದಕ್ಕೆ ಪತ್ರ ಬರೆಯಬಹುದು. ಎಷ್ಟು ಖಾರವಾಗಿದ್ದರೂ ಸರಿ, ಸಂಬಂಧಪಟ್ಟ ದೊಡ್ಡವರು ಪಕ್ಕದಲ್ಲೇ ಉತ್ತರ ಬರೆಯಬೇಕು. ಮೊದಲ ಸಲ ಅದನ್ನು ಡೈನಿಂಗ್ ರೂಮಿನಲ್ಲಿ ಕೂತು ಓದಿದಾಗ ನನಗೆ ನಂಬಲು ಆಗಲಿಲ್ಲ, ಏಕೆಂದರೆ ನಾನು ಮೊದಲು ಕೆಲಸ ಮಾಡಿದ ಕಡೆಯಲ್ಲೆಲ್ಲ ಇಂಥ ಮಾತು ಟೀ ಕುಡಿಯುವಾಗ ಪಿಸುಗುಟ್ಟುವಂಥದ್ದು.

ಶಾಖೆಯಲ್ಲಿ ನಾವೇ ಆರಿಸಿ ಕಳಿಸುವ ಪ್ರತಿನಿಧಿಗಳೂ ಇದ್ದಾರೆ. ನಾನು ಒಂದು ಅವಧಿಗೆ ನಿಂತು ಗೆದ್ದೆ. ದೊಡ್ಡ ಕೆಲಸ ಏನಲ್ಲ, ಆದರೆ ಪ್ರೀತಿಯಿಂದ ಮಾಡಿದೆ. ಒಂದು ಸಣ್ಣ ಉದಾಹರಣೆ: ಭಾನುವಾರ ಮುಂಜಾನೆ ನಮ್ಮ ಊರಿಗೆ ಬಸ್ಸೇ ಇಲ್ಲ, ಕಾರಿಲ್ಲದವರಿಗೆ ಆ ಪಾಳಿ ಬಿದ್ದರೆ ಟ್ಯಾಕ್ಸಿಗೇ ಕೂಲಿಯ ಒಂದು ಭಾಗ ಹೋಗುತ್ತದೆ. ಯಾರ ಹತ್ತಿರ ಕಾರಿದೆ, ಯಾರು ಎಲ್ಲಿಂದ ಬರುತ್ತಾರೆ ಅಂತ ಪಟ್ಟಿ ಮಾಡಿ ಸಭೆಯಲ್ಲಿ ಇಟ್ಟೆ. ಸುಮ್ನೆ ಕಷ್ಟ ಹೇಳಿಕೊಂಡರೆ ಆಗಲ್ಲ, ಬದಲಿ ಪಾಳಿಯ ಪಟ್ಟಿಯನ್ನೂ ನಾವೇ ಕೊಡಬೇಕು. ಕೊಟ್ಟೆವು, ಒಪ್ಪಿದರು.

ಮೇಲಿನ ಮಟ್ಟದಲ್ಲಿ ಪಾರ್ಟ್‌ನರ್‌ಶಿಪ್ ಕೌನ್ಸಿಲ್ ಇದೆ, ಹೆಚ್ಚಾಗಿ ಪಾರ್ಟ್‌ನರ್‌ಗಳೇ ಆರಿಸಿದವರ ಸಭೆ. ಅದರ ಬಲ 2023ರಲ್ಲಿ ಎಲ್ಲರಿಗೂ ಕಂಡಿತು. ಹೊರಗಿನ ಹೂಡಿಕೆದಾರರಿಗೆ ಒಂದು ಪಾಲು ಕೊಡುವ ಯೋಚನೆ ಇದೆ ಅಂತ ಆಗ ಸುದ್ದಿ ಬಂತು. ಅಧ್ಯಕ್ಷರಾಗಿದ್ದ ಶರಾನ್ ವೈಟ್ ಅವರ ಹಿಂದಿನ ವರ್ಷದ ಸಾಧನೆಯ ಮೇಲೆ ಮೇ ತಿಂಗಳಲ್ಲಿ ಕೌನ್ಸಿಲ್ ವಿಶ್ವಾಸ ತೋರಿಸಲಿಲ್ಲ, ಮುಂದಿನ ದಾರಿಗೆ ಮಾತ್ರ ಬೆಂಬಲ ಕೊಟ್ಟಿತು. ಪಾಲು ಮಾರುವ ಮಾತು ಆಮೇಲೆ ಕೈಬಿಟ್ಟುಹೋಯಿತು. ನನಗೆ ತುಂಬಾ ಸಮಾಧಾನ ಆಯಿತು. ಬೋನಸ್ ಇಲ್ಲದೆ ಕೆಲವು ವರ್ಷ ಕಳೆಯಬಹುದು, ಹೊರಗಿನವರ ಪಾಲು ಒಮ್ಮೆ ಒಳಗೆ ಬಂದರೆ ಮತ್ತೆ ತೆಗೆಯುವುದು ಕಷ್ಟ.

ಇನ್ನು ಸಣ್ಣಪುಟ್ಟ ಸುಖಗಳು. 25 ವರ್ಷ ದುಡಿದವರಿಗೆ ಆರು ತಿಂಗಳು ಸಂಬಳ ಸಹಿತ ರಜೆ. ಪೂಲ್ ಬಂದರಿನ ಬ್ರೌನ್‌ಸೀ ದ್ವೀಪದ ಕೋಟೆಯಲ್ಲಿ ಕಡಿಮೆ ಖರ್ಚಿಗೆ ವಾಸ, ಅದೂ ಪಾರ್ಟ್‌ನರ್‌ಗಳಿಗೆ ಮತ್ತು ಅವರ ಜೊತೆ ಬರುವವರಿಗೆ. ಹ್ಯಾಂಪ್‌ಷೈರ್‌ನ ಲೆಕ್‌ಫರ್ಡ್‌ನಲ್ಲಿ ಸುಮಾರು 4,000 ಎಕರೆಯ ಸ್ವಂತ ಜಮೀನಿದೆ, ಅಲ್ಲಿ ಬೆಳೆದ ಸೇಬು, ಅಣಬೆ ನಮ್ಮ ಅಂಗಡಿಗೆ ಬರುತ್ತಿತ್ತು. ಆ ಅಣಬೆಯ ಪಲ್ಯ ನಮ್ಮನೆಯಲ್ಲಿ ವಾರಕ್ಕೊಮ್ಮೆ ಇರಲೇಬೇಕಿತ್ತು.

ಸೇರಬೇಕು ಅಂದುಕೊಂಡವರಿಗೆ ನನ್ನ ಸಲಹೆ ಇಷ್ಟೇ. ಬೋನಸ್ ಲೆಕ್ಕ ಹಾಕಿಕೊಂಡು ಹೋಗಬೇಡಿ, ಗಂಟೆಯ ಸಂಬಳ ನಿಮಗೆ ಸಾಕಾಗುತ್ತದಾ ನೋಡಿ. ಯಾವ ವಿಭಾಗ, ಯಾವ ಪಾಳಿ ಅಂತ ಮೊದಲೇ ಕೇಳಿ. ಸೇರಿದ ಮೇಲೆ ಶಾಖೆಯ ಮಾರಾಟದ ಅಂಕಿಅಂಶ ಓದುವುದನ್ನು ಕಲಿಯಿರಿ, ಅರ್ಥ ಆಗದಿದ್ದರೆ ಮ್ಯಾನೇಜರ್ ಹತ್ತಿರ ಕೂತು ಹೇಳಿಸಿಕೊಳ್ಳಿ. ಮುಂದಿನ ಪ್ರತಿನಿಧಿ ಚುನಾವಣೆ ಯಾವಾಗ ಅಂತಲೂ ವಿಚಾರಿಸಿ. ಇಂಗ್ಲಿಷ್ ಸರಾಗ ಇಲ್ಲ ಅಂತ ಹಿಂಜರಿಯುವವರನ್ನು ತುಂಬಾ ನೋಡಿದ್ದೇನೆ. ನನಗೂ ಸರಾಗ ಇರಲಿಲ್ಲ, ಆದರೂ ಸಹೋದ್ಯೋಗಿಗಳು ಓಟು ಹಾಕಿದರು.