ಚಕ್ಕಳಮಕ್ಕಳದಿಂದ ಸ್ಲೈಡ್‌ವರೆಗೆ: ಹುಡುಗಿಯರಿಗೆ ಸಾಫ್ಟ್‌ಬಾಲ್ ಕಲಿಸಿದ ನನ್ನ ಅನುಭವ

ತುಮಕೂರು ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ದೈಹಿಕ ಶಿಕ್ಷಕಿ. ಮಕ್ಕಳ ಬಾಯಲ್ಲಿ ಪಿ.ಟಿ. ಮೇಡಂ. ಸಾಫ್ಟ್‌ಬಾಲ್ ಅಂದರೆ ಬೇಸ್‌ಬಾಲ್ ಥರದ ಆಟ, ಚೆಂಡು ಹೊಡೆದವಳು ನೆಲದಲ್ಲಿ ಗುರುತು ಮಾಡಿದ ಬೇಸ್‌ಗಳನ್ನು ಒಂದೊಂದಾಗಿ ಮುಟ್ಟುತ್ತಾ ಸುತ್ತಿ ಓಡಬೇಕು. ಸಾಫ್ಟ್‌ಬಾಲ್ ತಂಡ ಕಟ್ಟಿದ ಮೊದಲ ವರ್ಷ ಎಸೆಯೋದು, ಹಿಡಿಯೋದು, ಹೊಡೆಯೋದು ಎಲ್ಲ ಹೇಳಿಕೊಟ್ಟೆ. ಸ್ಲೈಡ್, ಅಂದರೆ ಓಡಿ ಬಂದು ನೆಲದ ಮೇಲೆ ಜಾರಿ ಬೇಸ್ ಮುಟ್ಟೋದು, ಅದನ್ನು ಮಾತ್ರ ಹೇಳಿಕೊಡಲಿಲ್ಲ. ಅದು ಅಪಾಯದ ಕೆಲಸ, ಚಿಕ್ಕ ಹುಡುಗಿಯರಿಗೆ ಯಾಕೆ, ನಿಂತೇ ಓಡಲಿ ಅಂದುಕೊಂಡಿದ್ದೆ.

ಒಂದು ಪಂದ್ಯದಲ್ಲಿ ನನ್ನ ತಪ್ಪು ನನಗೆ ಗೊತ್ತಾಯಿತು. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಫಸ್ಟ್ ಬೇಸ್‌ನಿಂದ ಸೆಕೆಂಡ್ ಬೇಸ್‌ಗೆ ಓಡುತ್ತಿದ್ದಳು. ಚೆಂಡು ಅವಳಿಗಿಂತ ಮೊದಲೇ ಬರುವ ಹಾಗಿತ್ತು. ಬೇರೆ ತಂಡದವರು ಸ್ಲೈಡ್ ಮಾಡೋದನ್ನು ಅವಳು ನೋಡಿದ್ದಳು. ಬೇಸ್ ಇನ್ನೆರಡು ಹೆಜ್ಜೆ ಇರುವಾಗ ಅರ್ಧ ಕೂತಳು. ಬೇಡ ಅನ್ನಿಸಿ ಏಳಲು ನೋಡಿದಳು. ಹಿಂದಕ್ಕೆ ಊರಿದ ಬಲಗೈ ಮೇಲೆ ಇಡೀ ಮೈಭಾರ ಬಿತ್ತು. ಮಣಿಕಟ್ಟಿನ ಹತ್ತಿರ ಮೂಳೆ ಬಿರುಕು ಬಿಟ್ಟಿತ್ತು. ನಾಲ್ಕು ವಾರ ಪ್ಲಾಸ್ಟರ್. ಅವರಮ್ಮ ನನ್ನನ್ನು ಬೈಯಲಿಲ್ಲ. "ಇದನ್ನ ಹೇಳಿಕೊಟ್ಟಿರಲಿಲ್ವಾ ಮೇಡಂ?" ಅಂತ ಮಾತ್ರ ಕೇಳಿದರು.

ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ನಾನು ಕಲಿಸಲಿ ಬಿಡಲಿ, ಓಡುವ ಮಗು ಒಂದಲ್ಲ ಒಂದು ದಿನ ಸ್ಲೈಡ್ ಮಾಡೇ ಮಾಡುತ್ತೆ. ಆಟವೇ ಅದನ್ನು ಮಾಡಿಸುತ್ತೆ. ಸಾಫ್ಟ್‌ಬಾಲ್‌ನಲ್ಲಿ ಬೇಸ್‌ನಿಂದ ಬೇಸ್‌ಗೆ 60 ಅಡಿ. ಜೋರಾಗಿ ಓಡಿ ಬಂದವಳು ಸೆಕೆಂಡ್ ಅಥವಾ ಥರ್ಡ್ ಬೇಸ್ ದಾಟಿ ಮುಂದೆ ಹೋದರೆ ಟ್ಯಾಗ್ ಮಾಡಿ, ಅಂದರೆ ಚೆಂಡು ಹಿಡಿದ ಕೈಯಿಂದ ಮುಟ್ಟಿ, ಔಟ್ ಮಾಡಬಹುದು. ವೇಗ ತಗ್ಗಿಸದೆ ಅಲ್ಲೇ ನಿಲ್ಲೋಕೆ ಇರುವ ದಾರಿ ಸ್ಲೈಡ್ ಒಂದೇ. ಆಮೇಲಿನ ವರ್ಷಗಳಲ್ಲಿ ನನ್ನ ಮಕ್ಕಳಲ್ಲಿ ಆದ ಗಾಯಗಳನ್ನು ನೆನೆಸಿಕೊಂಡರೂ ಅದೇ ಕಾಣುತ್ತೆ. ಗಟ್ಟಿ ಮನಸ್ಸಿನಿಂದ ಕೂತವಳಿಗೆ ಹೆಚ್ಚೆಂದರೆ ಚರ್ಮ ತರಚುತ್ತೆ. ಅರ್ಧ ಮನಸ್ಸಿನಿಂದ ಕೂತವಳಿಗೆ ಕೈ, ಕಾಲಿನ ಗೆಣ್ಣು ಉಳುಕುತ್ತೆ. ಹಾಗಾಗಿ ನಾನು ಕಲಿಸೋದೆಲ್ಲ ಆ ಅರ್ಧ ಮನಸ್ಸನ್ನು ತೆಗೆಯೋದಕ್ಕೆ.

ಮೊದಲ ದಿನ ಓಟವೇ ಇಲ್ಲ. ಎಲ್ಲರನ್ನೂ ಹುಲ್ಲಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಿಸುತ್ತೇನೆ. ಊಟಕ್ಕೆ ಕೂತ ಹಾಗೆ. ಆಮೇಲೆ "ಒಂದು ಕಾಲು ಮುಂದಕ್ಕೆ ಚಾಚಿ" ಅಂತೀನಿ. ಯಾವ ಕಾಲು ಅಂತ ಹೇಳಲ್ಲ. ಅವರಿಗೆ ತಾನಾಗಿ ಬಂದ ಕಾಲು ಚಾಚುತ್ತಾರೆ. ಮಡಚಿ ಉಳಿದ ಕಾಲು ಸ್ಲೈಡ್‌ನಲ್ಲಿ ಕೆಳಗಿರಬೇಕಾದ ಕಾಲು. ಚಾಚಿದ್ದು ಬೇಸ್ ಮುಟ್ಟುವ ಕಾಲು. ಕೋಚಿಂಗ್‌ನಲ್ಲಿ ಇದನ್ನು ಫಿಗರ್ ಫೋರ್ ಅಂತಾರೆ, ಕಾಲುಗಳು ಇಂಗ್ಲಿಷಿನ 4 ಅಂಕಿಯ ಆಕಾರಕ್ಕೆ ಬರುತ್ತವೆ ಅಂತ. ನಮ್ಮ ಮಕ್ಕಳಿಗೆ ಅಂಕಿಗಿಂತ ಊಟದ ಪಂಕ್ತಿಯೇ ಬೇಗ ಅರ್ಥವಾಯಿತು. ಚಿಕ್ಕಂದಿನಿಂದ ಹಾಗೆ ಕೂತು ಅಭ್ಯಾಸ ಇರುವ ಮೈ ಅದು. ಸೊಂಟ, ಮಂಡಿ ಸಲೀಸಾಗಿ ಬಗ್ಗುತ್ತವೆ.

ಚಾಚಿದ ಕಾಲನ್ನು ನಾನು ಒಬ್ಬೊಬ್ಬರದೂ ಮುಟ್ಟಿ ನೋಡುತ್ತೇನೆ. ಮಂಡಿ ಬಿಗಿಯಾಗಿ ನೆಟ್ಟಗಿರಬಾರದು, ಚೂರು ಬಗ್ಗಿರಬೇಕು. ನೆಟ್ಟಗಿದ್ದರೆ ಬೇಸ್‌ಗೆ ತಾಗಿದ ಪೆಟ್ಟು ನೇರ ಮಂಡಿಗೇ ಹೋಗುತ್ತೆ. ಬೆರಳುಗಳು ಆಕಾಶ ನೋಡಬೇಕು. ಹಿಮ್ಮಡಿ ನೆಲದಿಂದ ಒಂದೆರಡು ಅಂಗುಲ ಮೇಲಿರಬೇಕು. ಹಿಮ್ಮಡಿ ನೆಲಕ್ಕೆ ನಾಟಿದರೆ ಕಾಲು ಅಲ್ಲೇ ನಿಲ್ಲುತ್ತೆ, ಮೈ ನಿಲ್ಲಲ್ಲ. ಗೆಣ್ಣು ತಿರುಚೋದು ಹಾಗೇ. ಇನ್ನು ಕೆಳಗಿನ ಕಾಲು. ಮೊದಲು ನೆಲ ಮುಟ್ಟಬೇಕಾದ್ದು ಅದರ ಮೀನಖಂಡದ ಹೊರಬದಿ, ತೊಡೆ ಮತ್ತು ಕುಂಡೆ. ಮಂಡಿ ಮೊದಲು ತಾಗಲೇಬಾರದು.

ಎರಡನೇ ದಿನ ಜೋಡಿ ಆಟ. ಇಬ್ಬರು ಎದುರು ಬದುರು ನಿಂತು ಕೈ ಹಿಡಿದುಕೊಳ್ಳುತ್ತಾರೆ. ಒಬ್ಬಳು ಆ 4ರ ಆಕಾರಕ್ಕೆ ಮೆಲ್ಲಗೆ ಕೂರುತ್ತಾಳೆ, ಇನ್ನೊಬ್ಬಳು ಅವಳನ್ನು ಇಳಿಸುತ್ತಾಳೆ. ಹತ್ತು ಸಲ. ಆಮೇಲೆ ಕಣ್ಣು ಮುಚ್ಚಿ ಐದು ಸಲ. ಇದು ನೋಡೋಕೆ ಸುಮ್ನೆ ಆಟದ ಹಾಗಿರುತ್ತೆ, ಆದರೆ ನೆಲಕ್ಕೆ ಹೋಗುವ ಭಯದಲ್ಲಿ ಮುಕ್ಕಾಲು ಭಾಗ ಇಲ್ಲೇ ಹೋಗುತ್ತೆ.

ಮೂರನೇ ದಿನ ಟಾರ್ಪಾಲ್. ನಮ್ಮದು ಕೆಂಪು ಮಣ್ಣಿನ ಮೈದಾನ. ಬೇಸಿಗೆಯಲ್ಲಿ ಅದು ಕಲ್ಲಿನಂತೆ ಇರುತ್ತೆ. ಅದಕ್ಕೇ ಸ್ಲೈಡ್ ಪಾಠವನ್ನು ನಾನು ಜೂನ್, ಜುಲೈಗೆ ಇಟ್ಟುಕೊಳ್ಳೋದು. ಒಂದೆರಡು ಮಳೆ ಬಿದ್ದು ಹುಲ್ಲು ಬಂದ ಜಾಗ ಆರಿಸುತ್ತೇನೆ. ಕಲ್ಲು, ಗಾಜು, ಮುಳ್ಳು ಹುಡುಕಲು ಎಲ್ಲರೂ ಸಾಲಾಗಿ ನಿಂತು ನೆಲ ನೋಡುತ್ತಾ ನಡೆಯುತ್ತೇವೆ. ರಾಗಿಯಲ್ಲಿ ಕಲ್ಲು ಆರಿಸಿದ ಹಾಗೆ. ಆಮೇಲೆ ಹಳೆ ಟಾರ್ಪಾಲ್ ಹಾಸಿ, ನೀರು ಸುರಿದು, ಎರಡು ಸ್ಯಾಶೆ ಶಾಂಪೂ ಚೆಲ್ಲುತ್ತೇವೆ. ಎರಡೇ ಸಾಕು, ಜಾಸ್ತಿ ಹಾಕಿದರೆ ಕಣ್ಣಿಗೆ ಹಾರುತ್ತೆ. ಟಾರ್ಪಾಲಿನ ಅಂಚಿಗೆ ಕಲ್ಲು ಇಡಬೇಡಿ. ಮಣ್ಣು ತುಂಬಿದ ಗೋಣಿಚೀಲ ಇಡಿ, ಅದೂ ಬದಿಯಲ್ಲಿ ಮಾತ್ರ, ಮಕ್ಕಳು ಹೋಗಿ ನಿಲ್ಲುವ ತುದಿಯಲ್ಲಿ ಬೇಡ. ಶೂ ಬಿಚ್ಚಿಸಿ ಸಾಕ್ಸ್ ಹಾಕಿಸುತ್ತೇನೆ. ರಬ್ಬರ್ ತಳದ ಶೂ ಒದ್ದೆ ಟಾರ್ಪಾಲಿನಲ್ಲೂ ಕಚ್ಚಿಕೊಳ್ಳುತ್ತೆ.

ಕಾಲ್ಗೆಜ್ಜೆ, ಬಳೆ, ಉದ್ದ ಓಲೆ, ತಲೆಯ ಹಿಂದಿನ ದೊಡ್ಡ ಕ್ಲಿಪ್ಪು ಎಲ್ಲ ಬ್ಯಾಗಿಗೆ. ಟ್ರ್ಯಾಕ್ ಪ್ಯಾಂಟ್ ಒಳಗೆ ಹಳೆ ಲೆಗಿಂಗ್ಸ್ ಒಂದು ಇದ್ದರೆ ತೊಡೆ ತರಚೋದು ತುಂಬ ಕಮ್ಮಿ. ಯಾರಾದರೂ "ಇವತ್ತು ಬೇಡ ಮೇಡಂ" ಅಂದರೆ ನಾನು ಕಾರಣ ಕೇಳಲ್ಲ. ಬೆಳೆಯುವ ಹುಡುಗಿಯರು, ನಮಗೆ ಗೊತ್ತಾಗಬೇಕು ಅಲ್ವಾ.

ಟಾರ್ಪಾಲಿನ ಮೇಲೆ ಮೊದಲು ನಡೆದು ಬಂದು ಕೂರಬೇಕು. ಆಮೇಲೆ ಮೆಲ್ಲಗೆ ಓಡಿ. ಪೂರ್ತಿ ಓಟ ಕೊನೆಗೆ. ಎಲ್ಲರೂ ಮಾಡುವ ಒಂದೇ ತಪ್ಪು ಹಾರೋದು. ಓಡಿ ಬಂದು ಮೇಲಕ್ಕೆ ಜಿಗಿದು ಧೊಪ್ಪಂತ ಬೀಳುತ್ತಾರೆ. ಜಿಗಿದರೆ ಓಟದ ವೇಗವೆಲ್ಲ ನೆಲಕ್ಕೆ ಇಳಿಯುತ್ತೆ, ಮುಂದಕ್ಕೆ ಹೋಗಲ್ಲ. ಕೊನೆಯ ಎರಡು ಹೆಜ್ಜೆಯಲ್ಲಿ ಸೊಂಟ ತಗ್ಗಬೇಕು, ಮೈ ಹಿಂದಕ್ಕೆ ವಾಲಬೇಕು, ಕಾಲು ತಾನಾಗಿ ಮುಂದೆ ಜಾರಬೇಕು. ಇದನ್ನು ನಾನು ಕಿವಿಯಿಂದ ಪರೀಕ್ಷೆ ಮಾಡುತ್ತೇನೆ. ಮಕ್ಕಳಿಗೆ ಬೆನ್ನು ಹಾಕಿ ನಿಲ್ಲುತ್ತೇನೆ. ಸರಿಯಾದ ಸ್ಲೈಡ್ "ಸರ್ರ್" ಅನ್ನುತ್ತೆ. ಜಿಗಿದು ಬಿದ್ದದ್ದು "ಧಡ್" ಅನ್ನುತ್ತೆ. ಎರಡು ದಿನದಲ್ಲಿ ಮಕ್ಕಳೇ ಒಬ್ಬರಿಗೊಬ್ಬರು ಹೇಳೋಕೆ ಶುರುಮಾಡುತ್ತಾರೆ: "ಏಯ್, ಧಡ್ ಬಂತು ಕಣೇ."

ಅತಿ ಕಷ್ಟದ್ದು ಕೈ. ಬೀಳುವಾಗ ಕೈ ಊರೋದು ಮನುಷ್ಯನ ಸ್ವಭಾವ. ಅದನ್ನು "ಊರಬೇಡಿ" ಅಂತ ಕೂಗಿ ಬಿಡಿಸೋಕಾಗಲ್ಲ. ನಾನು ಒಂದು ವರ್ಷ ಕೂಗಿದೆ, ಪ್ರಯೋಜನ ಆಗಲಿಲ್ಲ. ಕೈಗೆ ಬೇರೆ ಕೆಲಸ ಕೊಡಬೇಕು.

ಏಳನೇ ಕ್ಲಾಸಿನ ಒಂದು ಹುಡುಗಿ ಇದ್ದಳು. ತೆಳ್ಳಗಿನ ಮೈ, ತಂಡದಲ್ಲೇ ಜೋರು ಓಟ. ಟಾರ್ಪಾಲಿನ ತನಕ ಬಾಣದ ಹಾಗೆ ಬರುತ್ತಿದ್ದಳು, ಅಂಚಿಗೆ ಬಂದು ನಿಂತುಬಿಡುತ್ತಿದ್ದಳು. ಹೇಗೋ ಕೂತರೂ ಎಡಗೈ ಹಿಂದಕ್ಕೆ ಹೋಗುತ್ತಿತ್ತು. ಹಿಂದಿನ ವರ್ಷದ ಪ್ಲಾಸ್ಟರ್ ಅವಳೂ ನೋಡಿದ್ದಳು. ಒಂದು ಸಂಜೆ ಉಳಿದವರನ್ನು ಕಳಿಸಿ ಅವಳೊಬ್ಬಳ ಜೊತೆ ಕೂತೆ. ಎರಡೂ ಮುಷ್ಟಿಗೆ ಹಸಿ ಹುಲ್ಲು ಕಿತ್ತು ಕೊಟ್ಟೆ. "ಮದುವೆಯಲ್ಲಿ ಅಕ್ಷತೆ ಹಾಕ್ತೀಯಲ್ಲ, ಕೂತ ತಕ್ಷಣ ಹಾಗೆ ತಲೆ ಮೇಲಕ್ಕೆ ಎಸಿ" ಅಂದೆ. ನಿಂತಲ್ಲೇ ಕೂತು ಎಸೆದಳು. ನಡೆದು ಬಂದು ಎಸೆದಳು. ನಾಲ್ಕನೇ ಸಲ ಓಡಿ ಬಂದಳು. ಸರ್ರ್ ಅಂತ ಜಾರಿ ಹೋದಳು, ಹುಲ್ಲು ಅವಳ ಮುಖದ ಮೇಲೇ ಉದುರಿತು. ಅವಳ ಕೈ ನೆಲ ಮುಟ್ಟಲೇ ಇಲ್ಲ. ಹುಲ್ಲು ಒರೆಸಿಕೊಂಡು ಮತ್ತೆ ಕಿತ್ತುಕೊಳ್ಳಲು ಅವಳೇ ಓಡಿದಳು.

ಅವತ್ತಿನಿಂದ ನಮ್ಮ ತಂಡದಲ್ಲಿ "ಅಕ್ಷತೆ!" ಅಂತ ಕೂಗಿದರೆ ಕೈ ಮೇಲೆ ಅಂತ ಅರ್ಥ. ಅದರ ಜೊತೆಗೇ "ಗದ್ದ ಎದೆಗೆ" ಅಂತಲೂ ಹೇಳುತ್ತೇನೆ. ಮೈ ಹಿಂದಕ್ಕೆ ವಾಲಿದಾಗ ತಲೆ ಹಿಂದಕ್ಕೆ ಹೊಡೆಯಬಾರದು. ಪಂದ್ಯದಲ್ಲಿ ರನ್ನರ್‌ಗೆ ಹೆಲ್ಮೆಟ್ ಇರುತ್ತೆ, ಆದರೂ ಕುತ್ತಿಗೆಗೆ ಅಭ್ಯಾಸ ಆಗಬೇಕು.

ನಮ್ಮ ಕಡೆ ಇನ್ನೊಂದು ತೊಂದರೆ ಇದೆ. ಸಾಫ್ಟ್‌ಬಾಲ್‌ಗೆ ಬರುವ ಒಳ್ಳೆಯ ಓಟಗಾರ್ತಿಯರು ಬಹಳ ಜನ ಖೊ-ಖೊ ಆಡಿದವರು. ಅಲ್ಲಿ ಕಂಬದ ಹತ್ತಿರ ಎದೆ ಕೊಟ್ಟು ಡೈವ್ ಹೊಡೆದು ಔಟ್ ಮಾಡಿದರೆ ಚಪ್ಪಾಳೆ ಬೀಳುತ್ತೆ. ಅದೇ ಮೈ ಇಲ್ಲಿಯೂ ಕೈ ಮುಂದೆ ಚಾಚಿ ಹಾರಲು ನೋಡುತ್ತೆ. ಅದನ್ನು ನಾನು ಪೂರ್ತಿ ನಿಲ್ಲಿಸಿದ್ದೇನೆ. ಇಲ್ಲಿ ಚಾಚಿದ ಬೆರಳ ಮುಂದೆ ಗಟ್ಟಿ ಬೇಸ್ ಇರುತ್ತೆ, ಅದರ ಪಕ್ಕ ಫೀಲ್ಡರ್‌ನ ಶೂ, ಮಂಡಿ ಇರುತ್ತೆ. ಮುಖ ಅದೇ ಎತ್ತರಕ್ಕೆ ಬರುತ್ತೆ. ಅಮೆರಿಕದಲ್ಲಿ ಮಕ್ಕಳ ಬೇಸ್‌ಬಾಲ್, ಸಾಫ್ಟ್‌ಬಾಲ್ ನಡೆಸುವ ಲಿಟಲ್ ಲೀಗ್‌ನಲ್ಲೂ ಚಿಕ್ಕ ವಯಸ್ಸಿನ ವಿಭಾಗಗಳಲ್ಲಿ ಮುಂದಿನ ಬೇಸ್‌ಗೆ ಹೋಗುವಾಗ ತಲೆ ಮುಂದಾಗಿ ಸ್ಲೈಡ್ ಮಾಡಿದರೆ ಔಟ್. ಬಿಟ್ಟ ಬೇಸ್‌ಗೆ ವಾಪಸ್ ಬರುವಾಗ ಮಾತ್ರ ಅದಕ್ಕೆ ಅವಕಾಶ. ಖೊ-ಖೊ ಹುಡುಗಿಯರಿಗೆ ನಾನು ಅವರ ಡೈವ್ ತಪ್ಪು ಅಂತ ಹೇಳಲ್ಲ. ಅದು ಆ ಅಂಗಳದ್ದು, ಇದು ಈ ಅಂಗಳದ್ದು ಅಂತೀನಿ.

ಬೇಸ್ ವಿಷಯಕ್ಕೆ ನಾನು ಸ್ವಲ್ಪ ಹಟ ಮಾಡುತ್ತೇನೆ. ಅಮೆರಿಕದ ಮಿಷಿಗನ್ ಯೂನಿವರ್ಸಿಟಿಯಲ್ಲಿ ನಡೆದ ಒಂದು ಅಧ್ಯಯನ 1988ರಲ್ಲಿ ಅಲ್ಲಿನ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ನೆಲಕ್ಕೆ ಗಟ್ಟಿಯಾಗಿ ಕೂರಿಸಿದ ಬೇಸ್ ಇದ್ದ ಮೈದಾನಗಳಲ್ಲಿ 627 ಸಾಫ್ಟ್‌ಬಾಲ್ ಪಂದ್ಯಗಳಿಗೆ ಸ್ಲೈಡ್‌ನಿಂದ 45 ಗಾಯ. ತಾಗಿದರೆ ಕಳಚಿಕೊಳ್ಳುವ ಬೇಸ್ ಇದ್ದ ಕಡೆ 633 ಪಂದ್ಯಗಳಿಗೆ ಎರಡೇ ಗಾಯ. ಆಡಿದವರು ದೊಡ್ಡವರು, ನಮ್ಮ ಮಕ್ಕಳಲ್ಲ. ಆದರೂ ಆ ಲೆಕ್ಕ ನೋಡಿದ ಮೇಲೆ ಅಭ್ಯಾಸಕ್ಕೆ ಮೊಳೆ ಹೊಡೆದ ಬೇಸ್ ಇಡಲು ನನಗೆ ಕೈ ಬರಲ್ಲ. ಕಳಚುವ ಬೇಸ್ ಕೊಳ್ಳುವಷ್ಟು ದುಡ್ಡು ನಮ್ಮ ಶಾಲೆಯಲ್ಲಿ ಇಲ್ಲ. ತೆಳು ರಬ್ಬರ್ ಚಾಪೆ ಕತ್ತರಿಸಿ ಸುಮ್ನೆ ನೆಲದ ಮೇಲೆ ಇಡುತ್ತೇವೆ, ಕಾಲು ತಾಗಿದರೆ ಅದೂ ಜೊತೆಗೆ ಜಾರುತ್ತೆ. ಒಂದು ಎಚ್ಚರ: ಈ ಚಾಪೆ ಸ್ಲೈಡ್ ಪಾಠಕ್ಕೆ ಮಾತ್ರ. ನಿಂತು ಓಡುವ ಅಭ್ಯಾಸಕ್ಕೆ ಅದನ್ನೇ ಇಟ್ಟರೆ ತುಳಿದವಳ ಕಾಲ ಕೆಳಗಿಂದ ಜಾರಿ ಬೀಳಿಸುತ್ತೆ. ಅವತ್ತು ಸುಣ್ಣದಲ್ಲಿ ಚೌಕ ಬರೆದರೆ ಸಾಕು.

ಫಸ್ಟ್ ಬೇಸ್‌ಗೆ ಸ್ಲೈಡ್ ಬೇಡವೇ ಬೇಡ. ಬ್ಯಾಟ್ ಮಾಡಿದವಳು ಅದನ್ನು ಮುಟ್ಟಿ ನೇರ ಮುಂದೆ ಓಡಿಹೋಗಬಹುದು, ನಿಯಮವೇ ಬಿಡುತ್ತೆ. ಜೋಡಿ ಬೇಸ್ ಇದ್ದರೆ ಹೊರಗಿನ ಕಿತ್ತಳೆ ಬಣ್ಣದ್ದು ಓಡುವವಳಿಗೆ, ಒಳಗಿನ ಬಿಳಿಯದು ಫೀಲ್ಡರ್‌ಗೆ. ನಾವು ಅಭ್ಯಾಸದಲ್ಲಿ ಸುಣ್ಣದ ಎರಡು ಚೌಕ ಅಕ್ಕಪಕ್ಕ ಬರೆಯುತ್ತೇವೆ. ಇಬ್ಬರ ಕಾಲು ಒಂದೇ ಕಡೆ ಬೀಳಲ್ಲ.

ಬಹಳ ಕೋಚ್‌ಗಳು ರನ್ನರ್‌ಗೆ ಮಾತ್ರ ಸ್ಲೈಡ್ ಕಲಿಸುತ್ತಾರೆ. ನನ್ನ ಪ್ರಕಾರ ಅದು ಅರ್ಧ ಪಾಠ. ಬೇಸ್ ಹತ್ತಿರ ನಿಂತವಳಿಗೂ ಕಲಿಸಬೇಕು. ಚೆಂಡು ಕೈಯಲ್ಲಿಲ್ಲದೆ ದಾರಿಗೆ ಅಡ್ಡ ನಿಲ್ಲೋದು ನಿಯಮದಲ್ಲೂ ತಪ್ಪು. ಚಿಕ್ಕವರು ಬೇಕಂತ ನಿಲ್ಲಲ್ಲ. ಚೆಂಡನ್ನೇ ನೋಡುತ್ತಾ ಬೇಸ್ ಮುಂದೆ ಮಂಡಿಯೂರಿ ಬಿಡುತ್ತಾರೆ. ಓಡಿ ಬಂದವಳ ಗೆಣ್ಣು ಆ ಮಂಡಿಗೆ ಹೊಡೆಯುತ್ತೆ. ನಮ್ಮಲ್ಲಿ ಸೆಕೆಂಡ್ ಬೇಸ್ ಫೀಲ್ಡರ್ ಬೇಸ್‌ನ ಎರಡೂ ಕಡೆ ಕಾಲಿಟ್ಟು ನಿಲ್ಲುತ್ತಾಳೆ, ಮುಂದಿನ ಅಂಚು ಓಡಿ ಬರುವವಳಿಗೆ ಬಿಟ್ಟಿರುತ್ತಾಳೆ, ಗ್ಲೌಸ್ ಮಾತ್ರ ಕೆಳಗೆ ತರುತ್ತಾಳೆ. ರನ್ನರ್ ಇಲ್ಲದೆ ಇದನ್ನೇ ವಾರಕ್ಕೆ ಇಪ್ಪತ್ತು ಮೂವತ್ತು ಸಲ ಮಾಡಿಸುತ್ತೇನೆ.

ಟಾರ್ಪಾಲ್ ಆದ ಮೇಲೆ ಹುಲ್ಲು, ಹುಲ್ಲಾದ ಮೇಲೆ ನೀರು ಹಾಕಿ ಕೆದಕಿ ಮೆತ್ತಗೆ ಮಾಡಿದ ಮಣ್ಣು. ಮಣ್ಣಿಗೆ ಬರೋಕೆ ಮೂರು ವಾರ ಹಿಡಿಯುತ್ತೆ. ಅವಸರ ಮಾಡಬೇಡಿ. ಒಬ್ಬಳಿಗೆ ಒಂದು ದಿನಕ್ಕೆ ಆರು, ಹೆಚ್ಚೆಂದರೆ ಎಂಟು ಸ್ಲೈಡ್. ಸುಸ್ತಾದ ಕಾಲು ತಗ್ಗಲ್ಲ, ಜಿಗಿಯುತ್ತೆ. ತರಚಿದರೆ ಹರಿಯುವ ಶುದ್ಧ ನೀರು, ಸೋಪು, ಒಳಗೆ ಮಣ್ಣಿನ ಚೂರು ಉಳಿಯದ ಹಾಗೆ ತೊಳೆಯೋದು, ಮೇಲೆ ಒಣ ಬಟ್ಟೆ. ಧನುರ್ವಾಯು ತಡೆಯುವ ಇಂಜೆಕ್ಷನ್ ಆಗಿದೆಯಾ ಅಂತ ವರ್ಷದ ಶುರುವಿಗೇ ಮನೆಯವರನ್ನು ಕೇಳಿ ಬರೆದಿಟ್ಟುಕೊಂಡಿರುತ್ತೇನೆ. ಅರಿಶಿನ, ಕಾಫಿಪುಡಿ ಮೆತ್ತಲು ಬಿಡಲ್ಲ. ಗೆಣ್ಣು ಊದಿದರೆ, ಕೈ ಊರಿ ಬಿದ್ದು ನೋವು ಅಂದರೆ ಎಳೆದು ನೀವಿ ನೋಡೋದು ಇಲ್ಲ, ನೇರ ಡಾಕ್ಟರ್ ಹತ್ತಿರ. ಬೆಳೆಯುವ ಮೂಳೆಯ ತುದಿ ಮೆತ್ತಗಿರುತ್ತೆ, ಉಳುಕು ಅಂದುಕೊಂಡದ್ದು ಬಿರುಕಾಗಿರಬಹುದು.

ಕೊನೆಗೆ ಉಳಿಯೋದು ಯಾವಾಗ ಕೂರಬೇಕು ಅನ್ನೋದು. ಬೇಸ್‌ಗೆ ಏಳೆಂಟು ಅಡಿ ಮೊದಲು ಸುಣ್ಣದ ಗೆರೆ ಎಳೆಯುತ್ತೇನೆ. ಗೆರೆ ಬಂತು ಅಂದರೆ ಕೂತಾಯಿತು. ಜೋರು ಓಟದವಳಿಗೆ ಗೆರೆ ಒಂದಡಿ ಹಿಂದಕ್ಕೆ. ಗೆರೆಗೆ ಬರುವ ಮೊದಲೇ ತೀರ್ಮಾನ ಆಗಿರಬೇಕು, ಗೆರೆ ದಾಟಿದ ಮೇಲೆ ಬದಲಾಯಿಸುವ ಹಾಗಿಲ್ಲ. ಕೂರಬೇಕೋ ಬೇಡವೋ ಅಂತ ಅನುಮಾನ ಬಂದರೆ ಕೂರಬೇಕು. ನಮ್ಮ ತಂಡದಲ್ಲಿ ಇದೊಂದು ನಿಯಮಕ್ಕೆ ವಿನಾಯಿತಿ ಇಲ್ಲ.

ಆ ಹುಲ್ಲಿನ ಹುಡುಗಿ ಕಳೆದ ಪಂದ್ಯದಲ್ಲಿ ಥರ್ಡ್ ಬೇಸ್‌ಗೆ ಸ್ಲೈಡ್ ಮಾಡಿದಳು. ಔಟ್. ಎದ್ದು ಬಂದವಳು ಎರಡೂ ಅಂಗೈ ತೋರಿಸಿದಳು, ಮಣ್ಣಿನ ಗುರುತೂ ಇರಲಿಲ್ಲ. ಆದರೆ ಬೇಸ್‌ಗೆ ತೀರಾ ಹತ್ತಿರ ಬಂದು ಕೂತಿದ್ದಳು, ಕಾಲು ಬೇಸ್‌ಗೆ ಜೋರಾಗಿಯೇ ತಾಗಿತ್ತು. ಗೆಣ್ಣು ಮುಟ್ಟಿ ನೋಡಿದೆ, ಏನೂ ಆಗಿರಲಿಲ್ಲ. ಸೋಮವಾರ ಅವಳ ಗೆರೆಯನ್ನು ಇನ್ನೊಂದು ಅಡಿ ಹಿಂದಕ್ಕೆ ಹಾಕಿದೆವು.