ಏಜೆಂಟ್ ಒಬ್ಬಳು ಗಂಡನನ್ನು ಬಿಟ್ಟು ಹೊರಡುವ ದೃಶ್ಯ ಬರೆಯೋದು ಹೇಗೆ?

ನೀವು ಯುದ್ಧದ ಕಾಲದ ಕಥೆ ಬರೀತಾ ಇದ್ದೀರಿ ಅಂದುಕೊಳ್ಳಿ. ನಾಯಕಿ ಗುಪ್ತ ಕೆಲಸದಲ್ಲಿರುವ ಏಜೆಂಟ್. ಶತ್ರುಗಳಿಗೆ ಅವಳ ಸುಳಿವು ಸಿಕ್ಕಿದೆ, ಇವತ್ತೇ ಊರು ಬಿಡಬೇಕು. ಮನೆಯಲ್ಲಿ ಅವಳನ್ನು ತುಂಬಾ ಪ್ರೀತಿಸುವ ಗಂಡ ಇದ್ದಾನೆ. ತನ್ನಿಂದಾಗಿ ಅವನಿಗೆ ಏನಾಗುತ್ತೋ ಅನ್ನೋದು ಅವಳನ್ನು ಒಳಗೊಳಗೇ ಕೊರೀತಾ ಇದೆ.

ಈ ದೃಶ್ಯ ಬರೆಯಲು ಕೂತಾಗ ನಾನು ಮೊದಲು ಮಾಡಿದ್ದು ಅವಳು ಗಳಗಳ ಅಳುವ ಹಾಗೆ ಬರೆದದ್ದು. ನಾಲ್ಕು ಪುಟ ಕ್ಷಮೆ ಕೇಳಿಸಿದೆ. ಓದಿದ ಗೆಳತಿ ಒಂದೇ ಮಾತು ಕೇಳಿದಳು: "ಇಷ್ಟೆಲ್ಲ ಬಾಯಿಬಿಟ್ಟು ಹೇಳೋಳನ್ನ ಆ ಕೆಲಸಕ್ಕೆ ಯಾರು ತಗೋತಾರೆ?" ಆ ನಾಲ್ಕು ಪುಟ ಹರಿದು ಹಾಕಿದೆ. ಆಮೇಲೆ ನಿಜವಾದ ಏಜೆಂಟರು ಹೇಗೆ ಹೊರಟರು ಅಂತ ಓದಲು ಶುರು ಮಾಡಿದೆ.

ನ್ಯಾನ್ಸಿ ವೇಕ್ ಕಥೆ ಸಿಕ್ಕಿದ್ದು ಆಗ. 1912ರಲ್ಲಿ ನ್ಯೂಜಿಲೆಂಡಿನಲ್ಲಿ ಹುಟ್ಟಿ ಆಸ್ಟ್ರೇಲಿಯಾದಲ್ಲಿ ಬೆಳೆದವಳು. 1939ರಲ್ಲಿ ಫ್ರಾನ್ಸಿನ ಮಾರ್ಸೇ ಊರಿನ ಶ್ರೀಮಂತ ಉದ್ಯಮಿ ಆನ್ರಿ ಫಿಯೊಕಾನನ್ನು ಮದುವೆಯಾದಳು. ಜರ್ಮನರು ಫ್ರಾನ್ಸನ್ನು ಹಿಡಿದ ಮೇಲೆ, ಸಿಕ್ಕಿಬಿದ್ದ ಸೈನಿಕರನ್ನು ಗುಟ್ಟಾಗಿ ಗಡಿ ದಾಟಿಸುವ ಜಾಲಕ್ಕೆ ಸೇರಿದಳು. ನಾಜಿಗಳ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊ ಅವಳಿಗೆ 'ಬಿಳಿ ಇಲಿ' ಅಂತ ಹೆಸರಿಟ್ಟಿತು, ಯಾಕಂದ್ರೆ ಎಷ್ಟು ಬೋನು ಇಟ್ಟರೂ ಬೀಳುತ್ತಿರಲಿಲ್ಲ. ಕೊನೆಗೆ ಅಪಾಯ ಮನೆ ಬಾಗಿಲಿಗೇ ಬಂತು. ನೀನು ಹೊರಡಲೇಬೇಕು ಅಂದವನು ಗಂಡನೇ. ಅಂಗಡಿಗೆ ಹೋಗ್ತಿದ್ದೀನಿ, ಬೇಗ ಬರ್ತೀನಿ ಅಂತ ಹೇಳಿ ಅವಳು ಬಾಗಿಲು ದಾಟಿದಳು. ಮತ್ತೆ ಅವನನ್ನು ನೋಡಲಿಲ್ಲ.

ಅಷ್ಟೇ ದೃಶ್ಯ. ಅಂಗಡಿಗೆ ಹೋಗಿ ಬರ್ತೀನಿ. ನನ್ನ ನಾಲ್ಕು ಪುಟದಲ್ಲಿ ಇಲ್ಲದ್ದು ಈ ಒಂದು ಸಾಲಿನಲ್ಲಿದೆ.

ಹಾಗಾಗಿ ನಿಮ್ಮ ನಾಯಕಿಗೆ ಮೊದಲು ಒಂದು ಸುಳ್ಳು ಕೊಡಿ. ದೊಡ್ಡದು ಬೇಡ, ದಿನಾ ಹೇಳುವಂಥದ್ದೇ ಸಾಕು. ಹಾಲು ತರ್ತೀನಿ, ಟೈಲರ್ ಹತ್ತಿರ ಬ್ಲೌಸ್ ಇಸ್ಕೊಂಡು ಬರ್ತೀನಿ, ಈ ಥರದ್ದು. ಅದಕ್ಕೆ ತಕ್ಕ ಸಾಮಾನೂ ಅವಳ ಕೈಯಲ್ಲಿರಲಿ. ಹಾಲಿಗೆ ಹೋಗುವವಳು ಸೂಟ್‌ಕೇಸ್ ಹಿಡಿಯೋ ಹಾಗಿಲ್ಲ ಅಲ್ವಾ? ಬೇಕಾದದ್ದನ್ನೆಲ್ಲ ಬಿಟ್ಟು ಒಂದು ಬಟ್ಟೆಯ ಕೈಚೀಲ ಹಿಡಿದು ಹೊರಡಬೇಕು. ತಪ್ಪು ಮಾಡ್ತಿದ್ದೀನಿ ಅನ್ನೋ ನೋವು ಆ ಚೀಲದಲ್ಲೇ ಕಾಣಿಸುತ್ತೆ. ಅದನ್ನು ಅವಳು ಮಡಚಿ ಹಿಡಿದಿದ್ದಾಳಾ, ಹಾಲಿನ ಚಿಲ್ಲರೆಯನ್ನು ಸರಿಯಾಗಿ ಎಣಿಸಿಕೊಂಡಳಾ, ಅವನು ಬಡಿಸಿದ ಎರಡನೇ ದೋಸೆಯನ್ನು ಹಸಿವಿಲ್ಲದಿದ್ದರೂ ಪೂರ್ತಿ ತಿಂದಳಾ, ಇದನ್ನೆಲ್ಲ ಬರೆಯಿರಿ. 'ಅವಳ ಮನಸ್ಸು ಹಿಂಡಿದಂತಾಯಿತು' ಅನ್ನೋ ಸಾಲನ್ನು ಮಾತ್ರ ದಯವಿಟ್ಟು ತೆಗೆದುಬಿಡಿ.

ಕನ್ನಡದಲ್ಲಿ ಬರೆಯುವವರಿಗೆ ಇಲ್ಲಿ ಒಂದು ಅನುಕೂಲ ಇದೆ. ನಾವು ಮನೆಯಿಂದ ಹೊರಡುವಾಗ 'ಹೋಗ್ತೀನಿ' ಅನ್ನಲ್ಲ. ಅಂದರೆ ಅಜ್ಜಿ ಬೈತಾರೆ. 'ಹೋಗ್ಬರ್ತೀನಿ' ಅನ್ನಬೇಕು, ಇಲ್ಲಾಂದ್ರೆ ಬರೀ 'ಬರ್ತೀನಿ'. ವಾಪಸ್ ಬರುವ ಮಾತು ಆ ಪದದಲ್ಲೇ ಇದೆ. ಬರಲ್ಲ ಅಂತ ಗೊತ್ತಿದ್ದೂ 'ಬರ್ತೀನಿ ರೀ' ಅನ್ನಬೇಕಾದ ಹೆಂಗಸಿನ ಬಾಯಲ್ಲಿ ಆ ಪದ ಎಷ್ಟು ಭಾರ ಆಗುತ್ತೆ ನೋಡಿ. ನಿಮ್ಮ ದೃಶ್ಯ ಆ ಒಂದು ಪದಕ್ಕಾಗಿ ಕಾಯಲಿ. ಮೊದಲೆರಡು ಸಲ ಏನೋ ನೆಪ ಮಾಡಿ ಅದನ್ನು ಹೇಳದೆ ತಪ್ಪಿಸಿಕೊಳ್ಳಲಿ, ಬೀಗದ ಕೈ ಹುಡುಕಲಿ, ಚಪ್ಪಲಿ ಸರಿ ಮಾಡಿಕೊಳ್ಳಲಿ. ಮೂರನೇ ಸಲ ಹೇಳಲೇಬೇಕು, ಯಾಕಂದ್ರೆ ಎದುರು ಮನೆಯವರು ಬಾಗಿಲಲ್ಲೇ ನಿಂತು ನೋಡ್ತಾ ಇದ್ದಾರೆ.

ಇನ್ನು ಅವನ ವಿಷಯ. ನನಗೆ ಜಾಸ್ತಿ ಕಾಳಜಿ ಇರೋದು ಇಲ್ಲೇ. ಬಹಳ ಕಥೆಗಳಲ್ಲಿ ಪ್ರೀತಿಸುವ ಗಂಡಸು ಪೆದ್ದನಾಗಿರುತ್ತಾನೆ, ಅವನಿಗೆ ಏನೂ ಗೊತ್ತಿರಲ್ಲ, ಸುಮ್ನೆ ಪ್ರೀತಿಸ್ತಾ ಕೂತಿರುತ್ತಾನೆ. ಹಾಗೆ ಬರೆದರೆ ಅವಳ ಅಪರಾಧದ ನೋವು ಬರೀ ಕನಿಕರ ಆಗಿಬಿಡುತ್ತೆ. ಆನ್ರಿಗೆ ಎಲ್ಲ ಗೊತ್ತಿತ್ತು. ಅವಳ ಕೆಲಸಕ್ಕೆ ಅವನ ದುಡ್ಡೇ ಹೋಗುತ್ತಿತ್ತು. ಹೊರಡು ಅಂದವನೂ ಅವನೇ, ತಾನು ಮಾತ್ರ ಮಾರ್ಸೇಯಲ್ಲೇ ಉಳಿದ. ಗೆಸ್ಟಾಪೊ ಅವನನ್ನು ಹಿಡಿದು ಹಿಂಸೆ ಕೊಟ್ಟಿತು, ಅವಳು ಎಲ್ಲಿದ್ದಾಳೆ ಅಂತ ಅವನು ಹೇಳಲಿಲ್ಲ. 1943ರ ಅಕ್ಟೋಬರಿನಲ್ಲಿ ಅವನನ್ನು ಕೊಂದರು. ಆ ಹೊತ್ತಿಗೆ ಅವಳು ಪಿರೆನೀಸ್ ಬೆಟ್ಟ ದಾಟಿ, ಸ್ಪೇನ್ ಮೂಲಕ ಇಂಗ್ಲೆಂಡ್ ಸೇರಿದ್ದಳು. 1944ರ ಏಪ್ರಿಲ್ ಕೊನೆಯಲ್ಲಿ ಬ್ರಿಟಿಷ್ ಏಜೆಂಟ್ ಆಗಿ ಪ್ಯಾರಾಚೂಟಿನಲ್ಲಿ ಮತ್ತೆ ಫ್ರಾನ್ಸಿಗೆ ಇಳಿದಳು. ಗಂಡ ಸತ್ತು ಆರು ತಿಂಗಳಾಗಿತ್ತು, ಅವಳಿಗೆ ಗೊತ್ತಿರಲಿಲ್ಲ. ಗೊತ್ತಾಗಿದ್ದು ಜರ್ಮನರು ಅಲ್ಲಿಂದ ಕಾಲ್ತೆಗೆದ ಮೇಲೆ. ಅವನ ಸಾವಿಗೆ ತಾನೇ ಕಾರಣ ಅಂತ ಅವಳು ತನ್ನನ್ನೇ ದೂರಿಕೊಂಡಳು. 2011ರಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡಳು.

ಅಂದರೆ ಅವನೂ ಸುಳ್ಳಿನಲ್ಲಿ ಪಾಲುದಾರ. ಅವಳು ಹಾಲು ಅಂದಾಗ ಇವನು 'ಮೊಸರೂ ತಗೊಂಡು ಬಾ' ಅನ್ನಬೇಕು. ಇಬ್ಬರಿಗೂ ಗೊತ್ತು, ಇಬ್ಬರೂ ಹೇಳಲ್ಲ. ಅವರು ಒಬ್ಬರನ್ನೊಬ್ಬರು ಏನಂತ ಕರೀತಾರೆ ಅನ್ನೋದರ ಮೇಲೂ ಕಣ್ಣಿಡಿ. ದಿನಾ 'ಏ, ಕೇಳಿಲ್ಲಿ' ಅನ್ನುವವನು ಇವತ್ತು ಪೂರ್ತಿ ಹೆಸರು ಹಿಡಿದು ಕರೆದರೆ ಸಾಕು, ಓದುವವರಿಗೆ ಎದೆ ಧಸಕ್ ಅನ್ನುತ್ತೆ.

ನೋವಿಗೆ ಕಾರಣ ಮಾತ್ರ ಖಚಿತವಾಗಿರಲಿ. 'ಅವನನ್ನು ಬಿಟ್ಟು ಹೋಗ್ತಿದ್ದೀನಿ' ಅನ್ನೋದು ಸಾಲದು. ಯಾರ ಹೆಸರಲ್ಲಿ ಬಾಡಿಗೆ ಮನೆ ಇದೆ? ಗುಟ್ಟಿನ ಕಾಗದ ಯಾರ ಬೀರುವಿನಲ್ಲಿತ್ತು? ಪೊಲೀಸರು ಬಂದರೆ ಮೊದಲು ಯಾರ ಕೈಗೆ ಬೇಡಿ? ಇದು ನಿಮಗೆ ಗೊತ್ತಿದ್ದರೆ, ಹೊರಡುವ ಮುಂಚೆ ಅವಳ ಕಣ್ಣು ಯಾವ ಬೀರುವಿನ ಮೇಲೆ ಹೋಗುತ್ತೆ ಅಂತ ತಾನಾಗೇ ತಿಳಿಯುತ್ತೆ.

ಪ್ರೀತಿಸುವವರು ಗಂಡನೇ ಆಗಬೇಕು ಅಂತಿಲ್ಲ. ನೂರ್ ಇನಾಯತ್ ಖಾನ್ ಗೊತ್ತಲ್ಲ, ನಮ್ಮ ಟಿಪ್ಪು ಸುಲ್ತಾನನ ವಂಶದವಳು, 1943ರ ಜೂನಿನಲ್ಲಿ ಬ್ರಿಟನ್ನಿನಿಂದ ಫ್ರಾನ್ಸಿಗೆ ಹೋದ ರೇಡಿಯೊ ಏಜೆಂಟ್. ಅವಳಿಗೆ ಎಲ್ಲಕ್ಕಿಂತ ಕಷ್ಟವಾಗಿದ್ದು ಅಮ್ಮನಿಗೆ ಸುಳ್ಳು ಹೇಳೋದು. ಆಫ್ರಿಕಾಗೆ ಹೋಗ್ತಿದ್ದೀನಿ ಅಂದಿದ್ದಳು. ಏಜೆಂಟರ ಮನೆಗೆ 'ಚೆನ್ನಾಗಿದ್ದಾಳೆ' ಅಂತ ಆಗಾಗ ಕಾಗದ ಕಳಿಸುವ ಪದ್ಧತಿ ಇತ್ತು. ನೂರ್ ಕೇಳಿಕೊಂಡದ್ದು ಅದನ್ನೇ: ನಾನು ಸತ್ತಿದ್ದು ಖಚಿತ ಆಗೋವರೆಗೂ ಅಮ್ಮನಿಗೆ ಕೆಟ್ಟ ಸುದ್ದಿ ಹೇಳಬೇಡಿ. 1944ರ ಸೆಪ್ಟೆಂಬರಿನಲ್ಲಿ ನಾಜಿಗಳ ಡಕಾವ್ ಸೆರೆ ಶಿಬಿರದಲ್ಲಿ ಅವಳನ್ನು ಕೊಂದರು. ನನಗೆ ಆ ಕಾಗದಗಳ ವಿಷಯ ಓದಿದಾಗ ಎರಡು ದಿನ ಬರೆಯಲು ಆಗಲಿಲ್ಲ. ಅಂಥ ಒಂದು ಕಾಗದ ನಿಮ್ಮ ಕಥೆಯಲ್ಲೂ ಬರಬಹುದು, ಅಗಲಿಕೆಯ ದೃಶ್ಯ ಮುಗಿದು ಎಷ್ಟೋ ಪುಟ ಆದ ಮೇಲೆ.

ಇನ್ನೊಂದು ಸಣ್ಣ ವಿಷಯ. ವಿಮಾನ ಹತ್ತುವ ಮುಂಚೆ ಏಜೆಂಟರ ಜೇಬು ತಡಕಿ ಲಂಡನ್ನಿನ ಬಸ್ ಟಿಕೆಟ್ ಥರದ್ದೇನಾದರೂ ಉಳಿದಿದ್ದರೆ ತೆಗೆಯುತ್ತಿದ್ದರು. ನಿಮ್ಮ ನಾಯಕಿ ಅವನ ನೆನಪಿಗೆ ಒಂದು ಗುಂಡಿಯನ್ನೂ ಇಟ್ಟುಕೊಳ್ಳುವ ಹಾಗಿಲ್ಲ. ಇಟ್ಟುಕೊಂಡರೆ ಅದು ಮುಂದೆ ಸಿಕ್ಕಿಬೀಳಬೇಕು.

ಬಾಗಿಲು ಮುಚ್ಚಿದ ಮೇಲೆ ಅವಳ ಹಿಂದೆ ಬೀದಿಗೆ ಹೋಗಬೇಡಿ. ಅವನ ಜೊತೆ ಒಳಗೇ ಇರಿ. ಅವಳು ದೂರ ಹೋಗೋವರೆಗೂ ಆ ಸುಳ್ಳನ್ನು ಕಾಯಬೇಕಾದವನು ಅವನು. ರಾತ್ರಿ ಇಬ್ಬರಿಗಾಗುವಷ್ಟು ಅಕ್ಕಿ ತೊಳೆಯಲಿ, ಎರಡು ತಟ್ಟೆ ಇಡಲಿ, ಊಟ ಆದ ಮೇಲೆ ಎರಡನ್ನೂ ತೊಳೆಯಲಿ. ಎದುರು ಮನೆಯವರು ಬಂದು, "ಏನ್ರೀ, ನಿಮ್ಮನೆಯವ್ರು ಇನ್ನೂ ಬಂದಿಲ್ವಾ?" ಅಂತ ಕೇಳಲಿ.

"ಹಾಲಿಗೆ ಹೋಗಿದ್ದಾಳೆ. ಬರ್ತಾಳೆ."